ಮುಧೋಳ ನಾಯಿಯ ಮೂಗಿನಿಂದ ರಕ್ತ: ಅನುಭವ ಇದ್ದವರು ಹೇಳಿ

ಬೆಟಗೇರಿ: ನಮ್ಮ ಮುಧೋಳ ಗಂಡು ನಾಯಿಗೆ ಮೂರು ವರ್ಷ. ಮೂಗಿನಿಂದ ರಕ್ತ ಸೋರುತ್ತಿದೆ, ರಕ್ತ ಹೆಪ್ಪುಗಟ್ಟಿಸುವ ಕಣ, ಅಂದರೆ ಪ್ಲೇಟ್‌ಲೆಟ್, 38 ಸಾವಿರಕ್ಕೆ ಇಳಿದಿದೆ. ಉಣ್ಣೆಯಿಂದ ಬಂದ ಎರ್ಲಿಕಿಯಾ ಸೋಂಕು ಎಂದು ಡಾಕ್ಟರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟಿದ್ದಾರೆ. ಜ್ವರ ಇಳಿಯಿತು, ಒಸಡು ಮಾತ್ರ ಬಿಳಿಚಿಕೊಂಡೇ ಇದೆ. ಇಲ್ಲಿಯೇ ಮುಂದುವರಿಸಲೇ, ಬೆಂಗಳೂರಿಗೆ ಒಯ್ಯಲೇ?

ಕೇಶ್ವಾಪುರ: ನಮ್ಮ ಲ್ಯಾಬ್ರಡಾರ್‌ಗೂ ಎಲ್ಲರೂ ಎರ್ಲಿಕಿಯಾ ಎಂದೇ ಹೇಳಿದರು. ಇದ್ದದ್ದು ಬೆಬೇಸಿಯಾ ಗಿಬ್ಸೋನಿ, ಕೆಂಪು ರಕ್ತಕಣದೊಳಗೆ ಬೆಳೆಯುವ ಪರೋಪಜೀವಿ. ಮೈಮೇಲೆ ಒಂದು ಉಣ್ಣೆಯೂ ಇರಲಿಲ್ಲ. ಓಣಿಯ ನಾಯಿಯೊಂದಿಗೆ ಕಚ್ಚಾಡಿ ಕಿವಿ ಹರಿದುಕೊಂಡು ಬಂದಿದ್ದ. ಈ ರೋಗ ಕಚ್ಚಿದ ಗಾಯದಿಂದಲೂ ದಾಟುತ್ತದೆ. ಕಚ್ಚಾಟದ ವಿಷಯ ಹೇಳಿದರೆ ಮೊದಲು ನೋಡಿದ ಡಾಕ್ಟರು ಕಿವಿಗೇ ಹಾಕಿಕೊಳ್ಳಲಿಲ್ಲ. ಡೈಮಿನಜೀನ್ ಚುಚ್ಚಿದರು, ಮತ್ತೆ ಅದನ್ನೇ ಚುಚ್ಚಿದರು. ಬೆಬೇಸಿಯಾದ ದೊಡ್ಡ ಜಾತಿಗಳಿಗೆ ಆ ಮದ್ದು ನಡೆಯುತ್ತದೆ, ಗಿಬ್ಸೋನಿಯನ್ನು ಬೇರುಸಹಿತ ಕೀಳುವುದಿಲ್ಲ. ಹಿಮೋಗ್ಲೋಬಿನ್ 4.1ಕ್ಕೆ ಇಳಿಯಿತು, ಮೂತ್ರ ಕಾಫಿ ಡಿಕಾಕ್ಷನ್‌ನಂತೆ ಬಂತು.

ಖರ್ಚನ್ನು ಯಾರೂ ಬಿಡಿಸಿ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ರೋಗಾಣು ಯಾವುದೆಂದು ತೋರಿಸುವ ಪಿಸಿಆರ್ ಪರೀಕ್ಷೆ 3,800. ರಕ್ತ ಹಾಕಿಸಿದ್ದು 9,500. ರಕ್ತ ಕೊಟ್ಟ ನಾಯಿಯ ತಪಾಸಣೆ 2,600. ಇದನ್ನು ಬಿಡಲೇಬೇಡಿ, ರಕ್ತದ ಜೊತೆಗೇ ರೋಗವೂ ಬರಬಹುದು. ಡ್ರಿಪ್, ಕೋಣೆ ಬಾಡಿಗೆ ಸೇರಿ 7,200. ಗಿಬ್ಸೋನಿಗೆ ಕೊಡುವ ಅಟೊವಾಕ್ವೋನ್ ಮದ್ದು ಬಿಡಿಯಾಗಿ ಸಿಗಲಿಲ್ಲ. ಮನುಷ್ಯರ ಮಲೇರಿಯಾಕ್ಕೆ ಕೊಡುವ, ಪ್ರೊಗ್ವಾನಿಲ್ ಬೆರೆತ ಮಾತ್ರೆ ತರಿಸಿದೆವು, 11,400. ಕೊಬ್ಬಿನ ಜೊತೆ ಕೊಟ್ಟರೆ ಮಾತ್ರ ಅದು ಚೆನ್ನಾಗಿ ಮೈಗೆ ಹತ್ತುತ್ತದೆ. ಬೆಣ್ಣೆಯಲ್ಲಿ ಹೊರಳಿಸಿ ನುಂಗಿಸಿದರೂ ಪ್ರೊಗ್ವಾನಿಲ್‌ನಿಂದ ವಾಂತಿ. ವಾಂತಿಯಲ್ಲಿ ಹೋದ ಮಾತ್ರೆಗೂ ದುಡ್ಡು ಕೊಟ್ಟವರು ನಾವೇ. ಜೊತೆಗೆ ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್. ನಾಯಿ ಬದುಕಿದೆ. ಪಿಸಿಆರ್ ಮಾಡಿಸದೆ ಮುಂದಿನ ಇಂಜೆಕ್ಷನ್ ಹಾಕಿಸಬೇಡಿ.

ನವನಗರ: ನಮ್ಮ ಪಗ್‌ಗೆ ಪ್ಲೇಟ್‌ಲೆಟ್ 22 ಸಾವಿರ ಇತ್ತು. ಬೆಳಿಗ್ಗೆ, ಸಂಜೆ ಪಪ್ಪಾಯಿ ಎಲೆಯ ರಸ ಕುಡಿಸಿದೆವು, ಏರಿತು. ಡೆಂಗಿ ಬಂದಾಗ ನಮ್ಮ ಅತ್ತೆಯವರೂ ಇದರಿಂದಲೇ ಚೇತರಿಸಿಕೊಂಡರು. ಮೂವತ್ತು ಸಾವಿರ ಸುರಿಯುವ ಮೊದಲು ಹಿತ್ತಲಿನ ಗಿಡವನ್ನು ನೋಡಿ.

ಕೇಶ್ವಾಪುರ: ಅಕ್ಕಾ, ಆಗ ಡಾಕ್ಸಿಸೈಕ್ಲಿನ್ ನಡೆದಿತ್ತೋ ಇಲ್ಲವೋ? ಅದನ್ನು ಹೇಳಿ.

ನವನಗರ: ನಡೆದಿತ್ತು, 28 ದಿನದ ಕೋರ್ಸ್. ಏರಿದ್ದು ಅದರಿಂದ ಮಾತ್ರ ಎಂದು ನೀವು ಹೇಗೆ ಹೇಳುತ್ತೀರಿ?

ಕೇಶ್ವಾಪುರ: ರಸದಿಂದ ಎಂದು ನೀವು ಹೇಗೆ ಹೇಳಿದಿರೋ ಹಾಗೆ! ಇವರ ನಾಯಿಯ ಒಸಡು ಬಿಳಿಚಿದೆ, ಕೆಂಪು ರಕ್ತಕಣವೇ ಕರಗುತ್ತಿರಬಹುದು. ಎಲೆಯ ರಸ ನಂಬಿ ಕಾಯುತ್ತ ಕುಳಿತರೆ ಆ ನಾಯಿ ಕೈಬಿಟ್ಟು ಹೋಗುತ್ತದೆ.

ಸಾಧನಕೇರಿ: ಬೆಂಗಳೂರು ಎಂಬ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಜರ್ಮನ್ ಶೆಫರ್ಡ್ ಉಂಡದ್ದೆಲ್ಲ ಹೊರಗೆ ಬರುತ್ತಿತ್ತು. ಅದು ವಾಂತಿಯಲ್ಲ: ಹೊಟ್ಟೆ ಕಿವುಚುವುದಿಲ್ಲ, ತಲೆ ಬಗ್ಗಿಸಿದರೆ ಅನ್ನ ಹಾಗೆಯೇ ಜಾರಿ ಬೀಳುತ್ತದೆ. ಎಕ್ಸ್‌ರೇಯಲ್ಲಿ ಅನ್ನನಾಳ ಗಾಳಿ ತುಂಬಿ ಹಿಗ್ಗಿತ್ತು. ರಕ್ತವನ್ನು ಹೊರದೇಶದ ಲ್ಯಾಬಿಗೆ ಕಳಿಸಿದ್ದಕ್ಕೆ 16,500; ಮಯಸ್ತೇನಿಯಾ ಗ್ರೇವಿಸ್ ಎಂದು ಗೊತ್ತಾಯಿತು. ನರದ ಸಂದೇಶ ಸ್ನಾಯುವಿಗೆ ಮುಟ್ಟದಂತೆ ದೇಹವೇ ತಡೆಯುವ ರೋಗ. ಪಿರಿಡೋಸ್ಟಿಗ್ಮಿನ್ ಮಾತ್ರೆ ತಿಂಗಳಿಗೆ 1,900. ಬಡಿಗೇರರನ್ನು ಕರೆಸಿ, ನಾಯಿ ಮುಂಗಾಲೆತ್ತಿ ನೆಟ್ಟಗೆ ಕುಳಿತು ಉಣ್ಣುವಂಥ ಕುರ್ಚಿ ಮಾಡಿಸಿದೆ, 4,200. ಉಂಡ ಮೇಲೂ ಕಾಲು ಗಂಟೆ ಹಾಗೆಯೇ ಕೂರಿಸಬೇಕು, ಇಲ್ಲದಿದ್ದರೆ ಅನ್ನ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಮ್ಮೆ ಇಳಿದು ನ್ಯುಮೋನಿಯಾ ಆಯಿತು, 13,000. ಎಲ್ಲವೂ ಧಾರವಾಡದಲ್ಲೇ ನಡೆಯಿತು. ಕೈಬಿಡದೆ ನೋಡಿಕೊಂಡರೆ ನಾಯಿ ಉಳಿಯುತ್ತದೆ. ಚುಚ್ಚಿಸಿ ಶಾಶ್ವತವಾಗಿ ಮಲಗಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ರಾಣೇಬೆನ್ನೂರು: ಸಾಧನಕೇರಿಯವರೇ, ಮಲಗಿಸಿದವರಲ್ಲಿ ನಾನೂ ಒಬ್ಬ. ನಮ್ಮ ನಾಯಿ ಹಗಲೆಲ್ಲ ದನದ ಕೊಟ್ಟಿಗೆಯಲ್ಲಿ ಇರುತ್ತಿತ್ತು. ಮೊದಲು ಕಾಲು ಬಾತವು. ಉಳುಕು ಎಂದು ಎಣ್ಣೆ ಹಚ್ಚಿಸಿದರು, ಸಂಧಿವಾತ ಎಂದು ಮಾತ್ರೆ ಕೊಟ್ಟರು. ಎದೆಯ ಎಕ್ಸ್‌ರೇ ಮಾಡಿಸಿ ಎಂದು ಯಾರೂ ಹೇಳಲಿಲ್ಲ. ರೋಗ ಇದ್ದದ್ದು ಅನ್ನನಾಳದಲ್ಲಿ: ಸ್ಪೈರೊಸೆರ್ಕಾ ಲುಪಿ ಎಂಬ ಹುಳು. ಇದರ ಮರಿಯನ್ನು ಹೊತ್ತ ಸಗಣಿ ಜೀರುಂಡೆಯನ್ನು ತಿಂದ ನಾಯಿಯ ಹೊಟ್ಟೆಯಿಂದ ಆ ಮರಿ ಹುಳು ರಕ್ತನಾಳದ ಗೋಡೆ ಹಿಡಿದು ಮಹಾಧಮನಿಗೆ, ಅಲ್ಲಿಂದ ಅನ್ನನಾಳಕ್ಕೆ ಬಂದು ಗಂಟು ಕಟ್ಟುತ್ತದೆ. ಮೊದಲೇ ಸಿಕ್ಕರೆ ಡೋರಾಮೆಕ್ಟಿನ್ ಎಂಬ ಹುಳುವಿನ ಮದ್ದಿಗೆ ಕರಗುತ್ತದೆ. ನಮ್ಮದು ಗಂಟು ಹೋಗಿ ಸಾರ್ಕೋಮಾ ಎಂಬ ಕ್ಯಾನ್ಸರ್ ಆಗಿತ್ತು. ಎದೆಯೊಳಗಿನ ಆ ಗೆಡ್ಡೆಯಿಂದಲೇ ಕಾಲಿನ ಎಲುಬು ದಪ್ಪಗಾಗಿತ್ತು. ಬೆಂಗಳೂರಿಗೆ ಟ್ಯಾಕ್ಸಿ 14,500, ಎಂಡೋಸ್ಕೋಪಿ 12,000, ಸ್ಕ್ಯಾನ್ 9,000, ಲಾಡ್ಜ್ 3,600. ನಾಯಿ ಇದೆ ಎಂದು ಅವರು ಕೇಳಿದ್ದು ಎರಡು ಪಟ್ಟು ಬಾಡಿಗೆ. ನಾಯಿಗೆ ಗುಟುಕು ನೀರೂ ಇಳಿಯುತ್ತಿರಲಿಲ್ಲ. ಇನ್ನು ನರಳಿಸಲಾರೆ ಎಂದು ನಿರ್ಧರಿಸಿದೆ. ಇಂದಿಗೂ ಅದೇ ಸರಿ ಎನ್ನುತ್ತೇನೆ.

ಮುಳಗುಂದ ನಾಕಾ: ಬೆಟಗೇರಿಯವರ ಪ್ರಶ್ನೆ ಎಲ್ಲಿ ಹೋಯಿತು? ಅಣ್ಣಾ, ಮಷೀನಿನ ಲೆಕ್ಕ ಒಂದನ್ನೇ ನಂಬಬೇಡಿ. ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿದರೆ ಮಷೀನು ಕಡಿಮೆ ತೋರಿಸುತ್ತದೆ. ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಗ್ರೇಹೌಂಡ್‌ನಂಥ ಓಟದ ತಳಿಗಳಿಗೆ ಸಹಜವಾಗಿಯೇ ಪ್ಲೇಟ್‌ಲೆಟ್ ತುಸು ಕಡಿಮೆ, ಆದರೆ 38 ಸಾವಿರದಷ್ಟು ಅಲ್ಲ, ಮೂಗಿನ ರಕ್ತವಂತೂ ಸಹಜವಲ್ಲ. ಗದಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ನಾಳೆಯೇ ಹೋಗಿ.

ನವನಗರ: ರಕ್ತ ಹಾಕಿಸಿದರೆ ಪ್ಲೇಟ್‌ಲೆಟ್ ತಾನಾಗಿ ಏರುವುದಿಲ್ಲವೇ?

ಕೇಶ್ವಾಪುರ: ಹೆಚ್ಚೇನೂ ಏರುವುದಿಲ್ಲ. ರಕ್ತಹೀನತೆಗೆಂದು ಹಾಕುತ್ತಾರೆ. ರಸದ ಮಾತು ಮುಗಿಯಿತು ಎಂದುಕೊಂಡಿದ್ದೆ, ಈಗ ಇದು.

ಸಾಧನಕೇರಿ: ರಾಣೇಬೆನ್ನೂರಿನವರೇ, ಟ್ಯಾಕ್ಸಿಗೆ 14,500 ಯಾಕೆ? ರೈಲಿನಲ್ಲಿ ಒಯ್ದು ಆ ಹಣವನ್ನು ಚಿಕಿತ್ಸೆಗೆ ಇಡಬಹುದಿತ್ತು.

ರಾಣೇಬೆನ್ನೂರು: ರೈಲಿನ ನಿಯಮ ನೋಡಿದ್ದೀರಾ? ಮೊದಲನೇ ದರ್ಜೆಯ ಇಡೀ ಕೂಪೆ, ಅಂದರೆ ಬಾಗಿಲು ಹಾಕಿಕೊಳ್ಳುವ ಕೋಣೆ, ನಮ್ಮ ಹೆಸರಿಗೇ ಸಿಗಬೇಕು. ಇಲ್ಲವೇ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು. ಕೂಪೆ ಸಿಗಲಿಲ್ಲ. ಉಸಿರಿಗೆ ಒದ್ದಾಡುವ ನಾಯಿಯನ್ನು ರಾತ್ರಿಯಿಡೀ ಆ ಪೆಟ್ಟಿಗೆಯೊಳಗೆ ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ನಿಮ್ಮದು ಒಪ್ಪುವುದಾದರೆ ನೀವು ಹಾಕಿ, ನನಗೆ ಲೆಕ್ಕ ಹೇಳಿಕೊಡಬೇಡಿ.