ಶುಕ್ರವಾರದೊಳಗೆ ನೀವೇ ರಾಜೀನಾಮೆ ಹಾಕಿ ಅಂತಿದ್ದಾರೆ: ಸಹಿಗೆ ಮುಂಚೆ ಏನೇನು ನೋಡ್ಬೇಕು?

ವಿಜಯನಗರ_ವಾಸಿ

ಬೆಂಗಳೂರು, ಐಟಿ ಸೇವಾ ಕಂಪನಿ. ಹುದ್ದೆ ಟೆಸ್ಟ್ ಲೀಡ್, ಸೇವೆ 11 ವರ್ಷ 7 ತಿಂಗಳು. ಬೆಂಚ್‌ನಲ್ಲಿ (ಪ್ರಾಜೆಕ್ಟ್ ಇಲ್ಲದೆ) ಇರೋರನ್ನ ಒಬ್ಬೊಬ್ಬರಾಗಿ ಒಳಗೆ ಕರೀತಿದ್ದಾರೆ. "ಶುಕ್ರವಾರದೊಳಗೆ ಪೋರ್ಟಲ್‌ನಲ್ಲಿ ರಾಜೀನಾಮೆ ಹಾಕಿದ್ರೆ ಮೂರು ತಿಂಗಳ ಸಂಬಳ, ಇಲ್ಲಾಂದ್ರೆ ಟರ್ಮಿನೇಷನ್" ಅನ್ನೋದು ಮಾತು. ಬರಹದಲ್ಲಿ ಏನೂ ಕೊಟ್ಟಿಲ್ಲ.

ತಿಂಗಳ ಗ್ರಾಸ್ (ಒಟ್ಟು ಸಂಬಳ) 1,80,000, ಅದರಲ್ಲಿ ಬೇಸಿಕ್ (ಮೂಲ ವೇತನ) 72,000. ಬಾಕಿ ರಜೆ 38 ದಿನ. ಗೃಹಸಾಲ ಬಾಕಿ 50 ಲಕ್ಷ, ಬಡ್ಡಿ 8.5%, ಇನ್ನೂ 20 ವರ್ಷ, ಇಎಂಐ 43,391. ಕಾರ್ ಸಾಲ ಬಾಕಿ 2.1 ಲಕ್ಷ, ಇಎಂಐ 14,200. ಎಫ್‌ಡಿ 3 ಲಕ್ಷ. ಇಎಂಐಗಳೂ ಸೇರಿ ಮನೆ ಖರ್ಚು ತಿಂಗಳಿಗೆ 1,15,000. ಅಪ್ಪ ಅಮ್ಮ ಇಬ್ಬರೂ ಕಂಪನಿ ವಿಮೆಯಲ್ಲೇ ಇದ್ದಾರೆ, ಇಬ್ಬರಿಗೂ ಶುಗರ್.

ಸಹಿ ಹಾಕೋದಾ? ಬರೋ ದುಡ್ಡನ್ನ ಗೃಹಸಾಲಕ್ಕೆ ಕಟ್ಟಿ ಭಾರ ಇಳಿಸ್ಕೊಳ್ಳೋದಾ? ಪಿಎಫ್ ತೆಗೀಬಹುದಾ?

---

ಪೇರೋಲ್_ಪದ್ಮ

ಸರ್, ಮೊದಲು "ಮೂರು ತಿಂಗಳು" ಅಂದ್ರೆ ಏನು ಅಂತ ಕೇಳಿ. ನಿಮ್ಮ ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿ ಎಷ್ಟಿದೆ? 60 ದಿನ ಇದ್ದು ಅದೂ ಆ ಮೂರರಲ್ಲೇ ಸೇರಿದ್ರೆ, ಅವರು ನಿಜಕ್ಕೂ ಕೊಡ್ತಿರೋದು ಒಂದೇ ತಿಂಗಳು. ಬಹಳ ಜನ ಎಡವೋದು ಇಲ್ಲೇ. ಇನ್ನೊಂದು, ಗ್ರಾಚ್ಯುಟಿ (ದೀರ್ಘ ಸೇವೆಗೆ ಕೊಡೋ ಇಡುಗಂಟು) ಮತ್ತು ರಜೆ ಹಣವನ್ನೂ ಕೂಡಿಸಿ "ಪ್ಯಾಕೇಜ್" ಅಂತ ಒಂದೇ ಮೊತ್ತ ತೋರಿಸ್ತಾರೆ. ಅವೆರಡೂ ಹೇಗಿದ್ರೂ ನಿಮಗೆ ಬರಲೇಬೇಕಾದ ದುಡ್ಡು, ಯಾರ ಉದಾರತೆಯೂ ಅಲ್ಲ. ಸಾಲು ಸಾಲಾಗಿ ಬಿಡಿಸಿ ಮೇಲ್‌ನಲ್ಲಿ ಕಳಿಸೋಕೆ ಹೇಳಿ.

ಗ್ರಾಚ್ಯುಟಿ ಲೆಕ್ಕ: ಬೇಸಿಕ್ × 15 ÷ 26 × ವರ್ಷ. ಆರು ತಿಂಗಳು ದಾಟಿದ್ರೆ ಪೂರ್ತಿ ವರ್ಷ ಅಂತ ಲೆಕ್ಕ, ಹಾಗಾಗಿ ನಿಮಗೆ 12. 72,000ದ ಮೇಲೆ ಹಾಕಿದ್ರೆ 4,98,462. ಆದರೆ 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು (ಹೊಸ ಕಾರ್ಮಿಕ ಕಾನೂನುಗಳು) ಜಾರಿಗೆ ಬಂದಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದ್ರೆ, ದಾಟಿದಷ್ಟನ್ನು "ವೇತನ"ಕ್ಕೇ ಸೇರಿಸಬೇಕು. ನಿಮ್ಮ ಬೇಸಿಕ್ 40% ಮಾತ್ರ ಇರೋದರಿಂದ ವೇತನ 90,000 ಆಗುತ್ತೆ, ಗ್ರಾಚ್ಯುಟಿ 6,23,077. ಸವಾ ಲಕ್ಷದ ವ್ಯತ್ಯಾಸ! ಎಚ್‌ಆರ್ ಹಳೇ ಎಕ್ಸೆಲ್‌ನಲ್ಲೇ ಹಾಕಿರಬಹುದು, ಯಾವ ವೇತನದ ಮೇಲೆ ಹಾಕಿದ್ರಿ ಅಂತ ಕೇಳಿ. ಗ್ರಾಚ್ಯುಟಿ 30 ದಿನದೊಳಗೆ ಬರಬೇಕು, ತಡವಾದ್ರೆ ಬಡ್ಡಿ ಸಮೇತ. ಬಾಕಿ ಸಂಬಳಕ್ಕೆ ಎರಡೇ ಕೆಲಸದ ದಿನ. "ಫುಲ್ ಅಂಡ್ ಫೈನಲ್‌ಗೆ (ಕೊನೇ ಲೆಕ್ಕ ಚುಕ್ತಾಗೆ) 45 ದಿನ ಆಗುತ್ತೆ" ಅನ್ನೋದು ಅವರ ರೂಢಿ, ಕಾನೂನಲ್ಲ.

ರಜೆ: 72,000 ÷ 30 × 38 = 91,200. ಇದಕ್ಕೂ ಗ್ರಾಚ್ಯುಟಿಗೂ ನಿಮ್ಮ ಮಟ್ಟದಲ್ಲಿ ತೆರಿಗೆ ಬೀಳಲ್ಲ. ಪ್ಯಾಕೇಜ್ ಹಣಕ್ಕೆ ಸಂಬಳದ ಹಾಗೇ ಬೀಳುತ್ತೆ. ಒಂದು ಸಮಾಧಾನ: ಪೇರೋಲ್‌ನವರು ನೀವು ಮಾರ್ಚ್‌ವರೆಗೆ ದುಡಿಯುತ್ತೀರಿ ಅಂದ್ಕೊಂಡೇ ಟಿಡಿಎಸ್ ಹಿಡಿದಿರ್ತಾರೆ. ವರ್ಷದ ನಡುವೆ ಬಿಟ್ಟರೆ ಹೆಚ್ಚಾಗಿ ಹಿಡಿದದ್ದು ರಿಟರ್ನ್ ಹಾಕಿದಾಗ ವಾಪಸ್ ಬರುತ್ತೆ.

---

ಡೇರಿ_ಸರ್ಕಲ್

ಪದ್ಮ ಮೇಡಂ ದುಡ್ಡಿನ ಲೆಕ್ಕ ಹೇಳಿದ್ರು, ನಾನು ಸಹಿಯ ಬಗ್ಗೆ ಹೇಳ್ತೀನಿ.

"ವೈಯಕ್ತಿಕ ಕಾರಣಕ್ಕೆ ರಾಜೀನಾಮೆ" ಅಂತ ಪೋರ್ಟಲ್‌ನಲ್ಲಿ ಒಂದು ಕ್ಲಿಕ್ ಮಾಡಿದ್ರೆ ಏನೇನು ಹೋಗುತ್ತೆ ನೋಡಿ. ಉದ್ಯೋಗ ಕಡಿತದ ಪರಿಹಾರ ಕೇಳೋ ಹಕ್ಕು ಹೋಯ್ತು, ಯಾಕಂದ್ರೆ ಅದು ಮಾಲೀಕರು ತೆಗೆದ್ರೆ ಮಾತ್ರ. ಗೃಹಸಾಲದ ಜೊತೆ ಕೆಲಸ ಹೋದ್ರೆ ಇಎಂಐ ಕಟ್ಟೋ ವಿಮೆ ಮಾಡಿಸಿದ್ರೆ ಅದೂ ಹೋಯ್ತು, ಸ್ವಂತ ರಾಜೀನಾಮೆಗೆ ಸಾಮಾನ್ಯವಾಗಿ ಕ್ಲೇಮ್ ಇರಲ್ಲ. ಕಾರ್ಮಿಕ ಇಲಾಖೆಗೆ ಹೋದ್ರೂ ಮೊದಲ ಪ್ರಶ್ನೆಯೇ "ನೀವೇ ಬಿಟ್ಟಿದ್ದೀರಲ್ಲ?" ಅಂತ.

ಪರಿಹಾರ ಎಷ್ಟು? ಪ್ರತಿ ವರ್ಷದ ಸೇವೆಗೆ 15 ದಿನದ ವೇತನ, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಹಣ. 90,000 ವೇತನಕ್ಕೆ 45,000 × 12 = 5,40,000. ಈಗ ಅವರು ಕೊಡ್ತೀನಿ ಅಂದ ಮೂರು ತಿಂಗಳು ಎಷ್ಟು? 1,80,000 × 3, ಅದೂ 5,40,000. ಅಂದ್ರೆ ದೊಡ್ಡ ಉಪಕಾರ ಅಂತ ಹೇಳ್ತಿರೋದು ಕಾನೂನಿನ ಕನಿಷ್ಠಕ್ಕೆ ಬಂದು ನಿಂತಿದೆ, ನೋಟಿಸ್ ಹಣ ಇನ್ನೂ ಬಾಕಿ.

ಆದರೆ ಇದೆಲ್ಲ ಕಾನೂನಿನ ಕಣ್ಣಲ್ಲಿ ನೀವು "ಕಾರ್ಮಿಕ" ಆಗಿದ್ರೆ ಮಾತ್ರ. ಹುದ್ದೆಯ ಹೆಸರಲ್ಲಿ ಲೀಡ್ ಅಂತ ಇದ್ದ ಮಾತ್ರಕ್ಕೆ ಹೊರಗಾಗಲ್ಲ. ದಿನದ ಹೆಚ್ಚಿನ ಹೊತ್ತು ಏನು ಮಾಡ್ತಿದ್ರಿ ಅನ್ನೋದೇ ಮುಖ್ಯ. ಟೆಸ್ಟ್ ಕೇಸ್ ಬರೆದು, ನೀವೇ ಓಡಿಸಿ, ಬಗ್ ಹಾಕ್ತಿದ್ರೆ ವಾದಕ್ಕೆ ಬಲ ಇದೆ. ಬೇರೆಯವರ ರಜೆ ಮಂಜೂರು, ಅಪ್ರೈಸಲ್ ರೇಟಿಂಗ್, ಇವೇ ಮುಖ್ಯ ಕೆಲಸ ಆಗಿದ್ರೆ ಕಷ್ಟ: ಮೇಲ್ವಿಚಾರಣೆ ಕೆಲಸದಲ್ಲಿದ್ದು ತಿಂಗಳಿಗೆ 18,000 ದಾಟಿದವರು ಕಾರ್ಮಿಕರಲ್ಲ. ಲ್ಯಾಪ್‌ಟಾಪ್ ಇರೋವಾಗಲೇ ನಿಮ್ಮ ಕೆಲಸದ ಸ್ವರೂಪ ಬರೆದಿರೋ ಪತ್ರ, ಅಪ್ರೈಸಲ್ ಫಾರ್ಮ್ ಇಟ್ಕೊಳ್ಳಿ.

ಈಗ ಮಾಡಬೇಕಾದ್ದು: ಮೀಟಿಂಗ್ ಮುಗಿದ ದಿನವೇ ಎಚ್‌ಆರ್‌ಗೆ ನಾಲ್ಕು ಸಾಲಿನ ಮೇಲ್, ಬಿಸಿಸಿಯಲ್ಲಿ ನಿಮ್ಮ ಸ್ವಂತ ಮೇಲ್. "ಇಂದು ಇಷ್ಟು ಗಂಟೆಗೆ ಇಂಥವರು ನನಗೆ ರಾಜೀನಾಮೆ ಕೊಡುವಂತೆ ಹೇಳಿದರು. ನಾನು ಸ್ವಇಚ್ಛೆಯಿಂದ ಬಿಡುತ್ತಿಲ್ಲ. ಷರತ್ತುಗಳನ್ನು ಲಿಖಿತವಾಗಿ ಕೊಡಿ." ಜಗಳದ ಧಾಟಿ ಬೇಡ. ಇದೊಂದೇ ಮೇಲ್‌ಗೆ ಎಷ್ಟೋ ಕಡೆ ಶುಕ್ರವಾರದ ಗಡುವು ಮುಂದಿನ ಶುಕ್ರವಾರಕ್ಕೆ ಹೋಗಿದೆ. ಮುಂದೆ ಹೋಗೋದಾದ್ರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಅರ್ಜಿ. ರಾಜಿ ಸಂಧಾನಕ್ಕೆ 45 ದಿನ ನೋಡಿ ಆಮೇಲೆ ನ್ಯಾಯಮಂಡಳಿ.

ಅದು ವರ್ಷಗಟ್ಟಲೆ ಎಳೆಯುತ್ತೆ ಅನ್ನೋದೂ ನಿಜ. ಅದಕ್ಕೇ ಹೆಚ್ಚಿನವರಿಗೆ ನಾನು ಹೇಳೋದು ಕೇಸ್ ಹಾಕಿ ಅಂತಲ್ಲ, ಆ ಲೆಕ್ಕ ಮುಂದಿಟ್ಟು ಚೌಕಾಸಿ ಮಾಡಿ ಅಂತ. ಹಣ ಹೆಚ್ಚಿಸದಿದ್ರೂ ರಿಲೀವಿಂಗ್ ಪತ್ರದಲ್ಲಿ "ಹುದ್ದೆ ರದ್ದಾದ ಕಾರಣ" ಅಂತ ಬರೆಸ್ಕೊಳ್ಳಿ. ಹಿನ್ನೆಲೆ ತಪಾಸಣೆಯಲ್ಲಿ ಅದು ಕಪ್ಪು ಚುಕ್ಕೆ ಆಗಲ್ಲ.

---

ಲೆಕ್ಕದ_ಶಾನುಭೋಗ

ಗೃಹಸಾಲಕ್ಕೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕಟ್ಟಬೇಡಿ. ಸಂಬಳ ಬರ್ತಿದ್ದಾಗ ಒಳ್ಳೇ ಅಭ್ಯಾಸ ಅನಿಸಿದ್ದು ಈಗ ಉಲ್ಟಾ. 5 ಲಕ್ಷ ಕಟ್ಟಿದ್ರೆ ಇಎಂಐ 43,391ರಿಂದ 39,052ಕ್ಕೆ ಇಳಿಯುತ್ತೆ, ತಿಂಗಳಿಗೆ 4,339 ಉಳಿತಾಯ. ಅದೇ 5 ಲಕ್ಷ ಕೈಯಲ್ಲಿದ್ರೆ ಮನೆ ನಾಲ್ಕು ತಿಂಗಳಿಗಿಂತ ಹೆಚ್ಚು ನಡೆಯುತ್ತೆ. ಬ್ಯಾಂಕಿಗೆ ಒಳಗೆ ಹೋದ ದುಡ್ಡನ್ನ ಕೆಲಸ ಇಲ್ಲದಾಗ ವಾಪಸ್ ಕೇಳಿ ನೋಡಿ, ಟಾಪ್‌ಅಪ್‌ಗೆ (ಅದೇ ಮನೆ ಮೇಲೆ ಹೆಚ್ಚುವರಿ ಸಾಲಕ್ಕೆ) ಮೂರು ತಿಂಗಳ ಪೇಸ್ಲಿಪ್ ತನ್ನಿ ಅಂತಾರೆ!

ಹಣವನ್ನ ಲಕ್ಷದಲ್ಲಿ ಎಣಿಸೋದು ಬಿಟ್ಟು ತಿಂಗಳಲ್ಲಿ ಎಣಿಸಿ. ತೆರಿಗೆ ಹೋಗಿ ಪ್ಯಾಕೇಜ್ 4 ಲಕ್ಷ, ಗ್ರಾಚ್ಯುಟಿ ಕಡಿಮೆ ಲೆಕ್ಕದಲ್ಲೇ 4.98, ರಜೆ 0.91, ಎಫ್‌ಡಿ 3. ಒಟ್ಟು 12.89 ಲಕ್ಷ. 1,15,000 ಖರ್ಚಿಗೆ 11.2 ತಿಂಗಳು. ಖರ್ಚು 92,000ಕ್ಕೆ ಇಳಿಸಿದ್ರೆ 14 ತಿಂಗಳು. ಕಾರ್ ಸಾಲ ತೀರಿಸಿಬಿಡೋಣ ಅನಿಸುತ್ತೆ, ಲೆಕ್ಕ ಹಾಕಿ: 2.1 ಲಕ್ಷ ಹೋಗಿ 10.79 ಉಳೀತು, ಖರ್ಚು 1,00,800 ಆಯ್ತು, 10.7 ತಿಂಗಳು. ಅರ್ಧ ತಿಂಗಳು ಕಳ್ಕೊಂಡ್ರಿ. ಸಾಲ ತೀರಿಸಿದ ನೆಮ್ಮದಿಗೆ ಅರ್ಧ ತಿಂಗಳ ಬೆಲೆ ಕೊಡಬೇಕಾ ಅನ್ನೋದು ನಿಮ್ಮಿಷ್ಟ. ಕಾರನ್ನೇ ಮಾರೋದು ಬೇರೆ ಲೆಕ್ಕ, ಆಗ ಇಎಂಐ ಜೊತೆ ಪೆಟ್ರೋಲ್, ವಿಮೆ ಎಲ್ಲ ನಿಲ್ಲುತ್ತೆ.

ಬ್ಯಾಂಕಿನವರು ಅವಧಿ 25 ವರ್ಷಕ್ಕೆ ಎಳೆಯೋಣ ಅಂದ್ರೆ ಇಎಂಐ 40,261. ಉಳಿಯೋದು ತಿಂಗಳಿಗೆ 3,130, ಆದರೆ ಕೊನೆಗೆ ಕಟ್ಟೋದು ಸುಮಾರು 16.6 ಲಕ್ಷ ಹೆಚ್ಚು. ಅದಕ್ಕೂ ಕೈ ಹಾಕಬೇಡಿ. ನಿಜಕ್ಕೂ ಕಷ್ಟ ಬಂತು ಅಂದ್ರೆ ಇಎಂಐ ತಪ್ಪೋ ಮೊದಲೇ ಶಾಖೆಗೆ ಲಿಖಿತ ಮನವಿ ಕೊಡಿ. 90 ದಿನ ಬಾಕಿ ಬಿದ್ದು ಎನ್‌ಪಿಎ (ವಸೂಲಾಗದ ಸಾಲ) ಆದ ಮೇಲೆ ನಿಮ್ಮ ಜೊತೆ ಮಾತಾಡೋದು ವಸೂಲಿ ವಿಭಾಗ.

ಬಂದ ಹಣ ಸಂಬಳದ ಖಾತೆಯಲ್ಲಿ ಇಡಬೇಡಿ. ಬೇರೆ ಬ್ಯಾಂಕಲ್ಲಿ ಯುಪಿಐ, ಕಾರ್ಡ್ ಯಾವುದೂ ಇಲ್ಲದ ಖಾತೆ ಮಾಡಿ, ಪ್ರತಿ 1ನೇ ತಾರೀಕು 92,000 ಮಾತ್ರ ಮನೆ ಖಾತೆಗೆ ಬರೋ ಹಾಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿ. 20ಕ್ಕೇ ಖಾಲಿಯಾದ್ರೆ ಎಲ್ಲಿ ಸೋರುತ್ತಿದೆ ಅಂತ ಆವತ್ತೇ ಗೊತ್ತಾಗುತ್ತೆ. ಹಾಲು, ಕಾಫಿಪುಡಿಯಲ್ಲಿ ಕಡಿತ ಮಾಡೋಕೆ ಹೋಗಬೇಡಿ, ಮನೆಮಂದಿಯ ಮುಖ ಬಾಡುತ್ತೆ, ಉಳಿಯೋದು 600. ಕಡಿತ ಆಗಬೇಕಾದ್ದು ನಾಲ್ಕೈದು ದೊಡ್ಡ ಸಾಲು: ಮ್ಯೂಚುವಲ್ ಫಂಡ್‌ನ ತಿಂಗಳ ಕಂತು ಅಂದ್ರೆ ಎಸ್‌ಐಪಿ (ನಿಲ್ಲಿಸಿ, ಮಾರಬೇಡಿ), ಹೂಡಿಕೆ ಅಂತ ತಗೊಂಡ ಎಂಡೋಮೆಂಟ್ ಪಾಲಿಸಿ ಕಂತು, ವಾರಾಂತ್ಯದ ಮಾಲ್, ಚೀಟಿ, ಎರಡನೇ ಗಾಡಿ. ಕ್ರೆಡಿಟ್ ಕಾರ್ಡ್‌ನಲ್ಲಿ "ಕನಿಷ್ಠ ಮೊತ್ತ" ಕಟ್ಟೋದು ಶುರುವಾದ್ರೆ ತಿಂಗಳಿಗೆ 3.5%ರ ಆಸುಪಾಸು ಬಡ್ಡಿ, ಅಂದ್ರೆ ವರ್ಷಕ್ಕೆ 42.

ಪಿಎಫ್ ಕೊನೆಗೆ. ಅದು 8.25% ದುಡೀತಿದೆ, ಹಾಗೇ ಬಿಟ್ರೂ ಬಡ್ಡಿ ಬರುತ್ತೆ. ಕೆಲಸ ಬಿಟ್ಟ ನಂತರದ ಬಡ್ಡಿಗೆ ಮಾತ್ರ ತೆರಿಗೆ. ಒಂದು ತಿಂಗಳಾದ ಮೇಲೆ 75%, ಎರಡು ತಿಂಗಳಿಗೆ ಪೂರ್ತಿ ಅನ್ನೋದು ಹಳೇ ನಿಯಮ. 2025ರ ಅಕ್ಟೋಬರ್ 13ಕ್ಕೆ ಪಿಎಫ್ ಸಂಸ್ಥೆಯ ಟ್ರಸ್ಟಿಗಳ ಮಂಡಳಿ ಅದನ್ನ ಬದಲಿಸಲು ತೀರ್ಮಾನಿಸಿತು: 75% ಕೂಡಲೇ, ಉಳಿದ 25% 12 ತಿಂಗಳು ಕೆಲಸ ಇಲ್ಲದಿದ್ರೆ. ಪೂರ್ತಿ ಸಿಗುತ್ತೆ ಅಂತ ಲೆಕ್ಕ ಹಾಕ್ಕೋಬೇಡಿ. ಪಿಂಚಣಿ ಭಾಗ 10 ವರ್ಷ ದಾಟಿರೋದ್ರಿಂದ ನಗದಾಗಿ ಸಿಗಲ್ಲ, ಸ್ಕೀಮ್ ಸರ್ಟಿಫಿಕೇಟ್ (ಪಿಂಚಣಿ ಸೇವೆಯ ದಾಖಲೆ) ತಗೊಳ್ಳಿ.

---

ಹಾಸನ_ಹುಡುಗಿ

ಯಾರೂ ಹೇಳದ ಒಂದು ಚಿಕ್ಕ ವಿಷಯ. ಕಂಪನಿ ಕೊಟ್ಟ ಸಿಮ್ ಬಳಸ್ತಿದ್ದೀರಾ? ಆಧಾರ್, ಬ್ಯಾಂಕ್, ಯುಎಎನ್ (ಪಿಎಫ್ ಖಾತೆ ಸಂಖ್ಯೆ) ಎಲ್ಲ ಅದೇ ನಂಬರ್‌ಗೆ ಇದ್ರೆ ಸಿಮ್ ಬಂದ್ ಆದ ದಿನ ಒಟಿಪಿ ಬರಲ್ಲ, ಪಿಎಫ್ ಅರ್ಜಿಯೂ ಹಾಕೋಕಾಗಲ್ಲ. ನಂಬರ್ ನಿಮ್ಮ ಹೆಸರಿಗೆ ಬಿಟ್ಟುಕೊಡೋಕೆ ಈಗಲೇ ಕೇಳಿ, ಆಗಲ್ಲ ಅಂದ್ರೆ ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿ.

ಪೇಸ್ಲಿಪ್‌ಗಳು, ಎಲ್ಲಾ ವರ್ಷದ ಫಾರ್ಮ್ 16, ನೇಮಕಾತಿ ಮತ್ತು ಬಡ್ತಿ ಪತ್ರ ಇವತ್ತೇ ಇಳಿಸ್ಕೊಳ್ಳಿ. ಕೋಡ್, ಕ್ಲೈಂಟ್ ಫೈಲ್ ಮುಟ್ಟಲೇಬೇಡಿ, ಅದೊಂದನ್ನೇ ನೆಪ ಮಾಡಿ ಪ್ಯಾಕೇಜ್ ನಿಲ್ಲಿಸಬಹುದು. ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕವನ್ನ ಕಂಪನಿ ಹಾಕದಿದ್ರೆ, ಕೊನೇ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಯುಎಎನ್ ಪೋರ್ಟಲ್‌ನಲ್ಲಿ "ಮಾರ್ಕ್ ಎಕ್ಸಿಟ್"ಗೆ ಹೋಗಿ ನೀವೇ ಹಾಕಬಹುದು.

ವಿಮೆ: ಸಾಮಾನ್ಯವಾಗಿ ಕೊನೇ ದಿನಕ್ಕೇ ಮುಗಿಯುತ್ತೆ. ಅದಕ್ಕೆ ಮುಂಚೆ ಅದೇ ವಿಮಾ ಕಂಪನಿಗೆ ಬರೆದು, ಗುಂಪು ಪಾಲಿಸಿಯಿಂದ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿ ಅಂತ ಕೇಳಿ. ಈಗಾಗಲೇ ಕಳೆದ ಕಾಯುವ ಅವಧಿ ಜೊತೆಗೆ ಬರುತ್ತೆ. ಹೊಸದಾಗಿ ತಗೊಂಡ್ರೆ ಅಪ್ಪ ಅಮ್ಮನ ಶುಗರ್‌ಗೆ ಸಂಬಂಧಪಟ್ಟ ಚಿಕಿತ್ಸೆಗೆ ಮೂರು ವರ್ಷದವರೆಗೂ ಕಾಯಿಸಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಏಜೆಂಟ್ ಸೇರಿಸಿ ಹೇಳಿದ್ರೆ ಕೇಳಿ. ಶಾನುಭೋಗರ 92,000ದಲ್ಲಿ ಈ ಕಂತಿಗೆ ಜಾಗ ಇಲ್ಲ, ಹಾಕ್ಕೊಳ್ಳಿ.

---

ವಿಜಯನಗರ_ವಾಸಿ

ಎಲ್ಲರಿಗೂ ಧನ್ಯವಾದ. ಮೇಲ್ ಹಾಕಿದೆ, ಬಿಡಿಸಿದ ಲೆಕ್ಕ ಸೋಮವಾರ ಕೊಡ್ತಾರಂತೆ. ನೋಟಿಸ್ 60 ದಿನವೇ, ಮೂರರಲ್ಲಿ ಸೇರಿಸಿದ್ರು! ಇನ್ನೊಂದು: ಚಿಕ್ಕ ಕಂಪನಿಯೊಂದರಿಂದ ಕೈಗೆ 1,30,000 ಬರೋ ಆಫರ್ ಇದೆ. ಒಪ್ಪಿದ್ರೆ ಮಾರುಕಟ್ಟೆ ಬೆಲೆ ಬಿದ್ದುಹೋಗುತ್ತೆ ಅಂತಾರೆ. ಮನೇಲಿ ಇನ್ನೂ ಹೇಳಿಲ್ಲ.

---

ಲೆಕ್ಕದ_ಶಾನುಭೋಗ

ನಾಲ್ಕು ತಿಂಗಳು ಕಾದು 1,60,000 ಸಿಕ್ತು ಅಂದ್ಕೊಳ್ಳಿ. ಕಾದಾಗ ಬಿಟ್ಟದ್ದು 5,20,000. ತಿಂಗಳಿಗೆ 30,000 ಹೆಚ್ಚು ಬಂದ್ರೂ ಅದು ತುಂಬೋಕೆ ಸೇರಿದ ಮೇಲೆ 17 ತಿಂಗಳು ದಾಟಬೇಕು. ಅದೂ ನಾಲ್ಕೇ ತಿಂಗಳಲ್ಲಿ ಸಿಕ್ಕರೆ. "ಮಾರುಕಟ್ಟೆ ಬೆಲೆ" ಅನ್ನೋದು ಯಾರಾದರೂ ಕೊಡೋಕೆ ತಯಾರಿದ್ದಾಗ ಮಾತ್ರ ಇರೋ ಬೆಲೆ. ಸಂಬಳದ ಅಂಕಿಯನ್ನೇ ನಮ್ಮ ಯೋಗ್ಯತೆ ಅಂದ್ಕೊಂಡಿದ್ದರಿಂದ ಅದು ಇಳಿದಾಗ ನಾವೇ ಇಳಿದ ಹಾಗನಿಸುತ್ತೆ, ಅಷ್ಟೆ. ಸೇರಿ, ಹುಡುಕೋದು ನಿಲ್ಲಿಸಬೇಡಿ. ಸೇರೋ ಮುಂಚೆ ಅಲ್ಲಿನ ನೋಟಿಸ್ ಅವಧಿಯನ್ನ 90ರಿಂದ 30 ದಿನಕ್ಕೆ ಇಳಿಸಿಕೊಳ್ಳಿ, ಸಂಬಳಕ್ಕಿಂತ ಅದನ್ನ ಚೌಕಾಸಿ ಮಾಡಿ.

ಅದು ಪೇರೋಲ್ ಅಲ್ಲದೆ ಕಾಂಟ್ರಾಕ್ಟ್ ಆದ್ರೆ ಇದೇ ಅಂಕಿ ಒಪ್ಪಬೇಡಿ. 1,30,000 × 12 = 15.6 ಲಕ್ಷ, ಪಿಎಫ್, ವಿಮೆ, ರಜೆ, ಖಾಲಿ ದಿನಗಳಿಗೆ 30% ಸೇರಿಸಿ 20.28 ಲಕ್ಷ, ಬಿಲ್ ಆಗೋ 220 ದಿನಕ್ಕೆ ಭಾಗಿಸಿದ್ರೆ ದಿನಕ್ಕೆ ಸುಮಾರು 9,200. ವರ್ಷದ ಬಿಲ್ 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕು, ಈ ದರದ ಮೇಲೆ 18% ತೆರಿಗೆ ಬೇರೆ ಅಂತ ಒಪ್ಪಂದದಲ್ಲೇ ಬರೆಸಿ.

---

ಹಾಸನ_ಹುಡುಗಿ

ಮನೇಲಿ ಈ ವಾರವೇ ಹೇಳಿ. ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಹೊರಟು ಸಂಜೆವರೆಗೆ ಎಲ್ಲೋ ಕೂತು ಬರೋರಿಗೆ ದಿನಕ್ಕೆ 400–500 ಸುಮ್ಮನೆ ಹೋಗುತ್ತೆ, ಫೋನ್ ಇಂಟರ್‌ವ್ಯೂಗೆ ಶಾಂತ ಜಾಗವೂ ಸಿಗಲ್ಲ. ಅಪ್ಪ ಅಮ್ಮನಿಗೆ "ಕೆಲಸ ಹೋಯ್ತು" ಅಂತ ಶುರು ಮಾಡಬೇಡಿ, "14 ತಿಂಗಳಿಗೆ ವ್ಯವಸ್ಥೆ ಇದೆ, ನಿಮ್ಮ ವಿಮೆ ಮುಂದುವರಿಯುತ್ತೆ" ಅಂತ ಶುರು ಮಾಡಿ. ಅವರಿಗಿರೋ ಭಯ ಅವೆರಡೇ. ವಿಮೆ ಅರ್ಜಿಗೆ ಅವರ ಹಳೇ ಶುಗರ್ ರಿಪೋರ್ಟ್, ಮಾತ್ರೆ ಚೀಟಿ ಎಲ್ಲ ಬೇಕಾಗುತ್ತೆ, ಹೇಗಿದ್ರೂ ಕೇಳಲೇಬೇಕು.