ಪದ ಬೇಕು, ತುರ್ತು: ನೋಡ್, ಎಡ್ಜ್, ಡಿಗ್ರಿ, ಬಿಟ್ವೀನ್‌ನೆಸ್

ಹಿಂದಿನ ಬೆಂಚು:
ಎಲ್ರಿಗೂ ನಮಸ್ಕಾರ. ಸಾಮಾಜಿಕ ಜಾಲದ, ಅಂದ್ರೆ ಯಾರಿಗೆ ಯಾರ ಜೊತೆ ಸಂಬಂಧ ಅನ್ನೋದರ ಅಧ್ಯಯನಕ್ಕೆ ಒಂದು ಕೈಪಿಡಿ ನಾಳೆ ಪ್ರಿಂಟಿಗೆ ಹೋಗ್ಬೇಕು. ಸಂಶೋಧನಾ ವಿದ್ಯಾರ್ಥಿಗಳು ತಾವು ಕಲೆಹಾಕಿದ ಡೇಟಾನ ಗೆಫಿ ಅನ್ನೋ ಜಾಲದ ಚಿತ್ರ ಬಿಡಿಸೋ ಸಾಫ್ಟ್‌ವೇರ್‌ಗೆ ಹಾಕೋದು ಹೇಗೆ, ಚಿತ್ರ ಬಿಡಿಸೋದು ಹೇಗೆ, ಬಂದ ಅಂಕಿ ಓದೋದು ಹೇಗೆ ಅಂತ ಪೂರ್ತಿ ಕನ್ನಡದಲ್ಲಿ ಬರೀತಿದೀನಿ. ಸ್ಕ್ರೀನ್ ಮೇಲೆ ಇರೋದೆಲ್ಲ ಇಂಗ್ಲಿಷೇ, ಅದನ್ನ ಕನ್ನಡಕ್ಕೆ ಬದಲಾಯಿಸಕ್ಕಾಗಲ್ಲ, ವಿವರಣೆ ಮಾತ್ರ ನನ್ನ ಕೈಲಿದೆ. ನಾಲ್ಕು ಪದ ಸಿಕ್ಕಾಕೊಂಡಿದೆ: ನೋಡ್ (ಜಾಲದಲ್ಲಿ ಒಬ್ಬೊಬ್ಬರನ್ನ ತೋರಿಸೋ ಚುಕ್ಕಿ), ಎಡ್ಜ್ (ಎರಡು ಚುಕ್ಕಿ ಸೇರಿಸೋ ಗೆರೆ), ಡಿಗ್ರಿ (ಒಂದು ಚುಕ್ಕಿಗೆ ಎಷ್ಟು ಗೆರೆ), ಬಿಟ್ವೀನ್‌ನೆಸ್ ಸೆಂಟ್ರಾಲಿಟಿ (ಉಳಿದವರ ನಡುವಿನ ದಾರೀಲಿ ಒಂದು ಚುಕ್ಕಿ ಎಷ್ಟು ಸಿಗುತ್ತೆ ಅನ್ನೋ ಅಳತೆ). ನೋಡ್ ಅಂತ ಕನ್ನಡದಲ್ಲಿ ಬರೆದ್ರೆ ಯಾರನ್ನೋ 'ನೋಡು' ಅಂದಂಗೆ ಓದಿಸ್ಕೊಳ್ಳುತ್ತೆ. ಕೊನೇದಕ್ಕೆ ಈಗ 'ಮಧ್ಯಸ್ಥಿಕೆ ಕೇಂದ್ರೀಯತೆ' ಅಂತ ಹಾಕಿದೀನಿ, ಸಮಾಧಾನ ಇಲ್ಲ. ದಯವಿಟ್ಟು ಇವತ್ತೇ ಹೇಳಿ.

ಅಚ್ಚಗನ್ನಡ:
ನೋಡ್ = ಗಂಟು. ಎಡ್ಜ್ = ನಂಟು. ಡಿಗ್ರಿ = ನಂಟೆಣಿಕೆ. ಬಿಟ್ವೀನ್‌ನೆಸ್ = ನಡುತನ. ಸೆಂಟ್ರಾಲಿಟಿ ಅನ್ನೋ ಬಾಲ ಬೇಡ. ಗಂಟು ನಂಟು ಪ್ರಾಸ ಬೇರೆ ಕೂಡುತ್ತೆ, ಕಲಿಯೋರಿಗೆ ಮರೆಯಲ್ಲ. ಮುಗೀತು.

ಶಬ್ದಮಣಿ:
ಮುಗೀಲಿಲ್ಲ ಸ್ವಾಮಿ. 'ಅಚ್ಚ' ಅಂತ ಹೆಸರಿಟ್ಕೊಂಡು ಮೊದಲನೇ ಪದವೇ ತದ್ಭವ ಕೊಟ್ಟಿದೀರಿ. ಗ್ರಂಥಿ ಸವೆದು ಗಂಟಿ, ಗಂಟು ಆಗಿದ್ದು. ಸಂಸ್ಕೃತ ಮುಟ್ಟಲ್ಲ ಅಂತ ವ್ರತ ಇದ್ರೆ 'ಗೆಣ್ಣು' ಅನ್ನಿ, ಬೆರಳಿನ ಗೆಣ್ಣು, ಬಿದಿರಿನ ಗೆಣ್ಣು. ಸಸ್ಯಶಾಸ್ತ್ರದಲ್ಲಿ ನೋಡ್ ಅಂದ್ರೆ ಅದೇ ತಾನೇ. ಇನ್ನು ಮೇಡಂ, ನಿಮ್ಮ 'ಕೇಂದ್ರೀಯತೆ' ಚೆನ್ನಾಗೇ ಇದೆ, ಬಿಡಬೇಡಿ. ಆದರೆ ಯಾರದೋ ಮಾತು ಕೇಳಿ 'ನಡುಕೇಂದ್ರತೆ' ಅಂತೇನಾದ್ರೂ ಮಾಡಿದ್ರೆ ಅದು ಅರಿಸಮಾಸ, ಕೇಶಿರಾಜ ಒಪ್ಪಲ್ಲ.

ಅಚ್ಚಗನ್ನಡ:
ಮೇಷ್ಟ್ರೇ, ಎರಡು ನುಡಿಲೂ ಹೋಲೋ ಪದ ಕಂಡ ತಕ್ಷಣ ಅದು ಸಂಸ್ಕೃತದಿಂದಲೇ ಇಳೀತು ಅನ್ನೋ ಹಳೇ ಚಾಳಿ ಬಿಡಿ. ಗಂಟು ತೆಲುಗಲ್ಲಿದೆ, ತುಳುವಲ್ಲಿದೆ. ಕನ್ನಡದ್ದು ಅಂದ್ರೆ ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?

ಡೇಟಾ ಹುಳು:
ಇಬ್ರೂ ಸ್ವಲ್ಪ ನಿಲ್ಲಿ, ಕೇಳಿದವರಿಗೆ ನಾಳೆ ಪ್ರಿಂಟು.

ಮೇಡಂ, ನಂಟು ಬೇಡ. ನಂಟು ಅಂದ ಕೂಡ್ಲೇ ನೆಂಟರು, ಪ್ರೀತಿ, ಬಳಕೆ ಎಲ್ಲ ಬರುತ್ತೆ. ನಿಮ್ಮ ಡೇಟಾದಲ್ಲಿ ಯಾರು ಯಾರ ಮೇಲೆ ದೂರು ಕೊಟ್ರು ಅನ್ನೋದಿದ್ರೂ ಅದು ಎಡ್ಜೇ, ಯಾರು ಯಾರಿಗೆ ಮೇಲ್ ಕಳಿಸಿದ್ರು ಅನ್ನೋದೂ ಎಡ್ಜೇ. 'ಕೊಂಡಿ' ಹಾಕಿ, ವೆಬ್ ಲಿಂಕಿಗೆ ಆಗ್ಲೇ ಎಲ್ರೂ ಬಳಸ್ತಿದಾರೆ, ಹೊಸದಾಗಿ ಏನೂ ಕಲಿಸ್ಬೇಕಾಗಿಲ್ಲ.

ಆದ್ರೆ ಒಂದು ತೊಡಕಿದೆ. ಗೆಫಿಯಲ್ಲಿ ಡೈರೆಕ್ಟೆಡ್, ಅನ್‌ಡೈರೆಕ್ಟೆಡ್ ಅಂತ ಎರಡು ಬಗೆ ಇದೆ, ಪಾಯೆಕ್ ಅನ್ನೋ ಇಂಥದೇ ಇನ್ನೊಂದು ಸಾಫ್ಟ್‌ವೇರ್‌ನೋರು ಅದಕ್ಕೆ ಬೇರೆ ಬೇರೆ ಹೆಸರನ್ನೇ ಇಟ್ಟಿದಾರೆ, ದಿಕ್ಕು ಇರೋದು ಆರ್ಕ್, ಇಲ್ಲದ್ದು ಎಡ್ಜ್, ಫೈಲಲ್ಲೇ ಬೇರೆ ಬೇರೆ ಪಟ್ಟಿಯಾಗಿ ಬರೀಬೇಕು. 'ನೀವು ಯಾರ ಹತ್ರ ಸಲಹೆ ಕೇಳ್ತೀರಿ' ಅಂತ ಪ್ರಶ್ನೆ ಕೇಳಿ ತಂದ ಡೇಟಾಗೆ ದಿಕ್ಕಿದೆ, ನಾನು ನಿಮ್ಮನ್ನ ಕೇಳಿದ್ರೆ ನೀವು ನನ್ನ ಕೇಳ್ತೀರಿ ಅಂತೇನಿಲ್ಲ. 'ಒಂದೇ ಮೀಟಿಂಗಲ್ಲಿ ಇದ್ರಾ' ಅನ್ನೋದಕ್ಕೆ ದಿಕ್ಕಿಲ್ಲ. ಕಲಿಯೋರು ಮೊದಲು ಎಡವೋದೇ ಇಲ್ಲಿ, ಇಂಪೋರ್ಟ್ ಮಾಡೋವಾಗ ಕೇಳಿದ ಕಡೆ ಯಾವುದೋ ಒಂದು ಒತ್ತಿ ಮುಂದೆ ಹೋಗ್ತಾರೆ, ಆಮೇಲೆ ಬಂದ ಅಂಕಿ ಎಲ್ಲಾ ಬೇರೆ. ಅದಕ್ಕೆ 'ದಿಕ್ಕಿನ ಕೊಂಡಿ', 'ದಿಕ್ಕಿಲ್ಲದ ಕೊಂಡಿ' ಅಂತ ಬಿಡಿಸಿ ಬರೀರಿ. ಡಿಗ್ರಿಗೆ ಬರೀ 'ಕೊಂಡಿ ಎಣಿಕೆ', ಇನ್‌ಡಿಗ್ರಿಗೆ 'ಬರುವ ಕೊಂಡಿ', ಔಟ್‌ಡಿಗ್ರಿಗೆ 'ಹೋಗುವ ಕೊಂಡಿ'.

ಒಂದು ಸಾಲು:
ಚೇಳಿನ ಕೊಂಡಿ ನೆನಪಾಗಲ್ವಾ?

ಡೇಟಾ ಹುಳು:
ಆಗಲ್ಲ.

ಶಬ್ದಮಣಿ:
ಆರ್ಕ್‌ಗೆ ಗಣಿತದಲ್ಲಿ 'ಕಂಸ' ಇದೆಯಲ್ಲ, ಸಿದ್ಧಪದ. ಶಾಲೆ ಪುಸ್ತಕದಲ್ಲಿ ಇಂಥ ಚಿತ್ರಕ್ಕೇ 'ಜಾಲಾಕೃತಿ' ಅಂತಿತ್ತು. ಇರೋದನ್ನ ಬಿಟ್ಟು ದಿನಾ ಹೊಸದು ಕಟ್ಟೋ ಗೀಳು ಯಾಕೆ? ಡಿಗ್ರಿಗೆ 'ಘಾತ'.

ಡೇಟಾ ಹುಳು:
ಘಾತ ಬಹುಪದೋಕ್ತಿಗೆ, ಇದಕ್ಕಲ್ಲ ಮೇಷ್ಟ್ರೇ. ಇಂಗ್ಲಿಷಲ್ಲಿ ಎರಡಕ್ಕೂ ಡಿಗ್ರಿ ಅಂದ ಮಾತ್ರಕ್ಕೆ ಕನ್ನಡದಲ್ಲೂ ಒಂದೇ ಆಗ್ಬೇಕಾ? 'ಈ ವ್ಯಕ್ತಿಗೆ ಆರು ಘಾತ' ಅಂತ ಬರೆದ್ರೆ ಓದೋರು ಪಾಪ ಅಂತಾರೆ. ಕಂಸನೂ ಅಷ್ಟೇ, ವೃತ್ತದ ತುಂಡು, ಬ್ರಾಕೆಟ್ಟು, ಕೃಷ್ಣನ ಸೋದರಮಾವ, ಈಗಾಗ್ಲೇ ಮೂರು ಕೆಲಸ ಇದೆ ಅವನಿಗೆ. ಆದ್ರೆ 'ಜಾಲಾಕೃತಿ' ನಂಗೂ ಇಷ್ಟ.

ಹಿಂದಿನ ಬೆಂಚು:
ಕೊಂಡಿ, ಕೊಂಡಿ ಎಣಿಕೆ ತಗೊಂಡೆ, ತುಂಬಾ ಥ್ಯಾಂಕ್ಸ್. ನೋಡ್‌ಗೆ 'ಬಿಂದು' ಅಂತ ಹಾಕ್ತೀನಿ, ಗೆಣ್ಣು ಚೆನ್ನಾಗಿದೆ ಆದ್ರೆ ಸ್ಕ್ರೀನಲ್ಲಿ ಕಾಣೋದು ಚುಕ್ಕಿ ತಾನೇ. ಬಿಟ್ವೀನ್‌ನೆಸ್ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಮಧ್ಯಸ್ಥಿಕೆ ಇರ್ಲಾ?

ಡೇಟಾ ಹುಳು:
ಬೇಡ, ಅದು ಅರ್ಥಾನೇ ಕೆಡಿಸುತ್ತೆ. ಮಧ್ಯಸ್ಥಿಕೆ ಅಂದ್ರೆ ಇಬ್ಬರ ಜಗಳದ ನಡುವೆ ಕೂತು ರಾಜಿ ಮಾಡ್ಸೋದು, ಅದೊಂದು ಕೆಲಸ. ಮಧ್ಯವರ್ತಿ ಅಂದ್ರೆ ಇನ್ನೂ ಕೆಟ್ಟದು, ಕಮಿಷನ್ ವಾಸನೆ. ಸಮಾಜಶಾಸ್ತ್ರಜ್ಞ ಲಿಂಟನ್ ಫ್ರೀಮನ್ 1977ರಲ್ಲಿ ಈ ಅಳತೆ ಕೊಟ್ಟಾಗ ಲೆಕ್ಕ ಹಾಕಿದ್ದು ಜಾಗಾನ, ಕೆಲಸಾನ ಅಲ್ಲ: ಉಳಿದ ಪ್ರತಿ ಇಬ್ಬರ ನಡುವಿನ ಅತಿ ಹತ್ತಿರದ ದಾರಿಗಳಲ್ಲಿ ಎಷ್ಟು ಪಾಲು ಈ ಬಿಂದುನ ಹಾದು ಹೋಗುತ್ತೆ ಅನ್ನೋದು ಅಷ್ಟೇ. ಆ ವ್ಯಕ್ತಿ ಜೀವಮಾನದಲ್ಲಿ ಯಾರಿಗೂ ಒಂದು ಮಾತು ದಾಟಿಸದೇ ಇರ್ಬಹುದು, ಬಾಯಿ ಮುಚ್ಕೊಂಡು ಕೂತಿರಬಹುದು, ಆದ್ರೂ ಅಂಕಿ ಜಾಸ್ತಿ ಬರುತ್ತೆ. ಮಧ್ಯಸ್ಥಿಕೆ ಅಂತ ಬರೆದ್ರೆ ನಿಮ್ಮ ವಿದ್ಯಾರ್ಥಿ ಪ್ರಬಂಧದಲ್ಲಿ 'ಇವರು ಗುಂಪಿನ ಮಧ್ಯಸ್ಥಗಾರರು' ಅಂತ ತೀರ್ಮಾನ ಬರೆದೇ ಬಿಡ್ತಾರೆ, ಡೇಟಾದಲ್ಲಿ ಅದಕ್ಕೆ ಪುರಾವೆ ಇರಲ್ಲ.

ಜಾಲಗಳ ಸಂಶೋಧಕ ಡೇವಿಡ್ ಕ್ರ್ಯಾಕ್‌ಹಾರ್ಟ್ 1990ರಲ್ಲಿ ಬಿಡಿಸಿದ ಗಾಳಿಪಟದ ಚಿತ್ರ ಇದೆಯಲ್ಲ, ಹತ್ತು ಬಿಂದು, ಹದಿನೆಂಟು ಕೊಂಡಿ, ಅದನ್ನ ಕೈಪಿಡೀಲಿ ಹಾಕಿ. ಪಟದ ನಟ್ಟನಡುವೆ ಇರೋ ಡಯಾನ್‌ಗೆ ಆರು ಕೊಂಡಿ, ಎಲ್ರಿಗಿಂತ ಹೆಚ್ಚು. ಬಾಲ ಶುರುವಾಗೋ ಕಡೆ ಇರೋ ಹೆದರ್‌ಗೆ ಮೂರೇ. ಆದ್ರೆ ಬಿಟ್ವೀನ್‌ನೆಸ್ ತೆಗೆದ್ರೆ ಹೆದರ್ ಮೊದಲು, ಯಾಕಂದ್ರೆ ಬಾಲದಲ್ಲಿರೋ ಇಬ್ಬರನ್ನ ಮುಟ್ಟೋಕೆ ಅವಳನ್ನ ಬಿಟ್ಟು ದಾರೀನೇ ಇಲ್ಲ. ಇನ್ನು ಎಲ್ಲರಿಗೂ ಹತ್ತಿರ ಯಾರು ಅಂತ ಕ್ಲೋಸ್‌ನೆಸ್ ತೆಗೆದ್ರೆ ಇವರಿಬ್ಬರೂ ಅಲ್ಲ, ಫರ್ನಾಂಡೋ ಮತ್ತೆ ಗಾರ್ತ್. ಮೂರು ಅಳತೆ, ಮೂರು ಉತ್ತರ. ಕೈಲಿ ಲೆಕ್ಕ ಮಾಡಿ ಸಾಫ್ಟ್‌ವೇರ್ ಜೊತೆ ತಾಳೆ ನೋಡ್ಬಹುದು ಅಷ್ಟು ಚಿಕ್ಕದು.

ಪದಕ್ಕೆ ಬಂದ್ರೆ ಅಚ್ಚಗನ್ನಡದವರ 'ನಡುತನ'ವೇ ಸರಿ. ಅವರ ಉಳಿದ ವಾದ ಏನೇ ಇರಲಿ.

ಶಬ್ದಮಣಿ:
ನಡುತನ! ಪಟದ ನಟ್ಟನಡುವೆ ಇರೋಳು ಡಯಾನ್ ಅಂತ ನೀವೇ ಹೇಳಿ ನಡುತನ ಹೆದರ್‌ಗೆ ಕೊಡ್ತೀರಿ. 'ನಡು' ಸೊಂಟಕ್ಕೂ ಆಗುತ್ತೆ, ಮಧ್ಯಕ್ಕೂ ಆಗುತ್ತೆ. ಶಾಸ್ತ್ರಕ್ಕೆ ಬೇಕಾದ ಬಿಗಿ ಎಲ್ಲಿದೆ? 'ಅಂತರ್ವರ್ತಿ ಕೇಂದ್ರೀಯತೆ' ಅನ್ನಿ. ಗೌರವ ಅನ್ನೋದು ಒಂದಿರುತ್ತೆ.

ಅಚ್ಚಗನ್ನಡ:
ಬಿಟ್ವೀನ್ ಅನ್ನೋದು ಇಂಗ್ಲಿಷರ ಮನೆಮಾತಿನ ಪದ. ಫ್ರೀಮನ್ ನೆಸ್ ಅಂಟಿದ ಆ ಪದವನ್ನೇ ಬಳಸಿದ, ಲ್ಯಾಟಿನ್ ಹುಡುಕ್ಕೊಂಡು ಹೋಗಲಿಲ್ಲ. ಸ್ಲೊವೇನಿಯಾದವರು 1996ರಲ್ಲಿ ಶುರುಮಾಡಿದ ಸಾಫ್ಟ್‌ವೇರಿಗೆ ಪಾಯೆಕ್ ಅಂತ ಹೆಸರಿಟ್ಟರು, ಅವರ ನುಡಿಲಿ ಜೇಡ ಅಂತ ಅರ್ಥ, ಅವರ ಗೌರವಕ್ಕೇನೂ ಕುಂದು ಬರಲಿಲ್ಲ. ನಮಗೆ ಮಾತ್ರ ಅಂತರ್ವರ್ತಿ ಬೇಕು.

ಅಂದ ಹಾಗೆ ಮೇಷ್ಟ್ರೇ, ನೀವು ಅಪ್ಪಿಕೊಂಡಿರೋ 'ಕೇಂದ್ರ' ಸಂಸ್ಕೃತದ್ದಲ್ಲ, ಗ್ರೀಕರ ಕೆಂಟ್ರಾನ್. ಜ್ಯೋತಿಷದ ಜೊತೆ ಬಂತು, ಹೋರಾ ಬಂದ ಹಾಗೆ. ಇಂಗ್ಲಿಷಿನ ಸೆಂಟರ್ ಕೂಡ ಅದೇ ಬೇರು. ಅಂದ್ರೆ ಸೆಂಟ್ರಾಲಿಟಿ ಬೇಡ ಕೇಂದ್ರೀಯತೆ ಬೇಕು ಅನ್ನೋದು ಒಂದೇ ಸಾಮಾನನ್ನ ಈ ಅಂಗಡಿ ಬಿಟ್ಟು ಆ ಅಂಗಡಿಲಿ ಕೊಂಡ ಹಾಗೆ.

ಶಬ್ದಮಣಿ:
ಗೊತ್ತು. ಸಾವಿರಕ್ಕೂ ಹೆಚ್ಚು ವರ್ಷ ಇದ್ದ ಮೇಲೆ ಅದು ನಮ್ಮದೇ. ಜಾತಕದಲ್ಲಿ ಕೇಂದ್ರಸ್ಥಾನ ಅಂತ ಹಳ್ಳಿಯವರಿಗೂ ಗೊತ್ತು, ನಿಮ್ಮ ನಡುತನ ಯಾರಿಗೆ ಗೊತ್ತು?

ಡೇಟಾ ಹುಳು:
ಬಳಸ್ತಾ ಬಳಸ್ತಾ ನಮ್ಮದಾಗುತ್ತೆ ಅಂತಾದ್ರೆ ಸೆಂಟ್ರಾಲಿಟಿಗೂ ಸ್ವಲ್ಪ ಟೈಮ್ ಕೊಡಿ ಮೇಷ್ಟ್ರೇ, ಚಾವಿ, ಜಮೀನು ಎಲ್ಲಾ ಹಂಗೇ ತಾನೇ ಒಳಗೆ ಬಂದಿದ್ದು.

ಮೇಡಂ, ಪದಕ್ಕಿಂತ ಮುಖ್ಯವಾದ್ದು. ಗೆಫಿಲಿ ಬಿಟ್ವೀನ್‌ನೆಸ್ ಅನ್ನೋ ಬಟನ್ನೇ ಇಲ್ಲ. ಸ್ಟಾಟಿಸ್ಟಿಕ್ಸ್ ಪಟ್ಟಿಲಿ 'ನೆಟ್‌ವರ್ಕ್ ಡಯಾಮೀಟರ್' ರನ್ ಮಾಡಿದ್ರೆ ಬಿಟ್ವೀನ್‌ನೆಸ್, ಕ್ಲೋಸ್‌ನೆಸ್ ಎಲ್ಲ ಒಟ್ಟಿಗೆ ಲೆಕ್ಕ ಆಗಿ ಡೇಟಾ ಲ್ಯಾಬೊರೇಟರಿ ಅನ್ನೋ ಕೋಷ್ಟಕದಲ್ಲಿ ಹೊಸ ಕಾಲಂ ಆಗಿ ಕೂರುತ್ತೆ. ನೀವು ನಡುತನ ಅಂತ ಮಾತ್ರ ಬರೆದ್ರೆ ಆ ಕಾಲಂ ಯಾವುದು ಅಂತ ಅವರಿಗೆ ಗೊತ್ತಾಗಲ್ಲ, ಬಿಟ್ವೀನ್‌ನೆಸ್ ಅಂತ ಮಾತ್ರ ಬರೆದ್ರೆ ಕಾಲಂ ಸಿಗುತ್ತೆ ಅರ್ಥ ಆಗಲ್ಲ. ಹೆಜ್ಜೆ ಹೇಳೋ ಕಡೆ ಸ್ಕ್ರೀನಿನ ಹೆಸರನ್ನೇ ಇಡಿ, ಅಂಕಿ ಓದೋ ಅಧ್ಯಾಯದಲ್ಲಿ ನಡುತನ. ಇನ್ನೊಂದು, ಉತ್ಸಾಹದಲ್ಲಿ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬಿಡಿಸಿದ ಪಟ್ಟಿ) ಫೈಲಿನ ತಲೆಸಾಲನ್ನೂ ಕನ್ನಡ ಮಾಡಿಬಿಡ್ಬೇಡಿ. ಕೊಂಡಿಗಳ ಫೈಲಲ್ಲಿ 'ಸೋರ್ಸ್', 'ಟಾರ್ಗೆಟ್' ಕಾಲಂಗಳು ಇಂಗ್ಲಿಷಲ್ಲೇ ಇರ್ಬೇಕು, ಮೂಲ, ಗುರಿ ಅಂತ ಬರೆದ್ರೆ ಅದು ತಗೊಳ್ಳಲ್ಲ. ಬಿಂದುಗಳ ಹೆಸರು ಕನ್ನಡದಲ್ಲಿ ಇರ್ಬಹುದು, ಯುಟಿಎಫ್-8 ಅನ್ನೋ, ಕನ್ನಡ ಅಕ್ಷರ ಉಳಿಸೋ ಎನ್‌ಕೋಡಿಂಗ್‌ನಲ್ಲಿ ಸೇವ್ ಮಾಡಿ, ಲೇಬಲ್‌ಗೆ ಕನ್ನಡ ಇರೋ ಫಾಂಟ್ ಆರಿಸಿ, ಇಲ್ದಿದ್ರೆ ಬರೀ ಡಬ್ಬಿ ಡಬ್ಬಿ ಕಾಣುತ್ತೆ.

ಒಂದು ಸಾಲು:
ಸಾಮಾಜಿಕ ಜಾಲ ಅಂದ್ರೆ ಫೇಸ್‌ಬುಕ್ ಅನ್ಕೊಳ್ತಾರಲ್ಲ?

ಡೇಟಾ ಹುಳು:
ಅನ್ಕೊಳ್ಳಲಿ. ಬಾರ್ನ್ಸ್ ಅನ್ನೋ ಮಾನವಶಾಸ್ತ್ರಜ್ಞ 1954ರಲ್ಲೇ ನಾರ್ವೆಯ ಮೀನುಗಾರರ ಊರಿನ ಬಗ್ಗೆ ಬರೀತಾ ಈ ಮಾತು ಬಳಸಿದಾನೆ. ಮುನ್ನುಡಿಲಿ ಒಂದು ಸಾಲು ಹಾಕಿದ್ರೆ ಸಾಕು.

ಹಿಂದಿನ ಬೆಂಚು:
ಎಲ್ರಿಗೂ ಥ್ಯಾಂಕ್ಸ್. ಬಿಂದು, ಕೊಂಡಿ, ಕೊಂಡಿ ಎಣಿಕೆ, ನಡುತನ. ಹೆಜ್ಜೆಗಳಲ್ಲಿ ಬಿಟ್ವೀನ್‌ನೆಸ್ ಅಂತಲೇ ಬಿಟ್ಟಿದೀನಿ. ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನಿಮ್ಮ ಜಾಲಾಕೃತಿನ ಅಧ್ಯಾಯದ ಹೆಸರಿಗೇ ಇಟ್ಟಿದೀನಿ. ಐಸೊಲೇಟ್ ಅಂದ್ರೆ ಒಂದೂ ಕೊಂಡಿ ಇಲ್ಲದ ಬಿಂದು, ಇಟಲಿಯ ಫ್ಲಾರೆನ್ಸ್‌ನ ಹಳೇ ಕಾಲದ ಹದಿನಾರು ಮನೆತನಗಳ ಮದುವೆ ಡೇಟಾದಲ್ಲಿ ಪುಚ್ಚಿ ಮನೆತನ ಇರೋ ಹಂಗೆ, ಅದಕ್ಕೆ 'ಒಂಟಿ' ಅಂತ ಹಾಕಿದೀನಿ. ಇದರ ಬಗ್ಗೆ ಯಾರದೂ ತಕರಾರು ಇಲ್ಲ ಅನ್ಕೊಂಡಿದೀನಿ.

ಶಬ್ದಮಣಿ:
ಬಹುವಚನ ಏನು ಮಾಡ್ತೀರಿ, ಒಂಟಿಗಳಾ? ಒಂಟಿಗಳು ಅಂದ್ರೇನು, ಜೊತೇಲಿದಾರೆ ಅಂತಲಾ? 'ಏಕಾಕಿ' ಇರಲಿ.

ಅಚ್ಚಗನ್ನಡ:
ಏಕಾಕಿಗಳು ಅಂದ್ರೆ ಮಾತ್ರ ಜೊತೇಲಿರಲ್ವಾ? ಒಂಟಿ ಇರಲಿ. ತೆಲುಗು, ತಮಿಳಲ್ಲೂ ಇದೆ, ಒಂದು ಅನ್ನೋದರ ಬಳಗ.

ಒಂದು ಸಾಲು:
ಹಾಗಾದ್ರೆ ಒಂಟೆ?

ಶಬ್ದಮಣಿ:
ಒಂಟೆ ಬೇರೆ. ಅದು ಉಷ್ಟ್ರ. ಬೇರೆ ದಾರ ತೆಗೀರಿ, ಹೇಳ್ತೀನಿ.