ಹಡಗಿನಲ್ಲಿ ದಕ್ಷಿಣ ಆಫ್ರಿಕಾ, ಆಮೇಲೆ ಒಂಬತ್ತು ದಿನ ನೆಲದ ಮೇಲೆ: ಹೋಗಿ ಬಂದವರು ದಯವಿಟ್ಟು ತಿಳಿಸಿ

ಹಾಸನದ ದಂಪತಿ (ಪ್ರಶ್ನೆ)

ಮುಂದಿನ ಜನವರಿಯಲ್ಲಿ ನಾವಿಬ್ಬರೂ ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ಹಡಗು ಹತ್ತಿ, ರಿಚರ್ಡ್ಸ್ ಬೇ, ಡರ್ಬನ್, ಮಾಸೆಲ್ ಬೇ, ಕೇಪ್‌ಟೌನ್ ಮಾರ್ಗವಾಗಿ ನಮೀಬಿಯಾದ ವಾಲ್ವಿಸ್ ಬೇವರೆಗೆ ಹೋಗಿ, ಮರಳಿ ಕೇಪ್‌ಟೌನಿನಲ್ಲಿ ಇಳಿಯುವ 19 ದಿನಗಳ ಯಾನವನ್ನು ಯೋಚಿಸಿದ್ದೇವೆ. ಬಳಿಕ ಒಂಬತ್ತು ದಿನ ದಕ್ಷಿಣ ಆಫ್ರಿಕಾದ ಕ್ರೂಗರ್ ಅಭಯಾರಣ್ಯ ಮತ್ತು ಜಾಂಬಿಯಾ-ಜಿಂಬಾಬ್ವೆ ಗಡಿಯ ವಿಕ್ಟೋರಿಯಾ ಜಲಪಾತ. ನನಗೆ 63, ಪತ್ನಿಗೆ 59 ವರ್ಷ. ಆಕೆಗೆ ಮಂಡಿನೋವಿದೆ, ಇಬ್ಬರೂ ಸಸ್ಯಾಹಾರಿಗಳು. ಏನೇನು ಗಮನಿಸಬೇಕು?

ಜಯನಗರದ ನಿವೃತ್ತ

ನಮ್ಮ ಕಥೆಯನ್ನು ಕೇಳಿದ ಮೇಲೆ ನೀವೇ ತೀರ್ಮಾನಿಸಿ. 2024ರ ಜನವರಿಯಲ್ಲಿ ನಾವು ಹೋದದ್ದು ಮುಖ್ಯವಾಗಿ ಕೇಪ್‌ಟೌನ್ ನೋಡಲು. ಬೆಳಿಗ್ಗೆ ಐದೂವರೆಗೆ ಎದ್ದು ಡೆಕ್ಕಿಗೆ ಬಂದರೆ ಟೇಬಲ್ ಮೌಂಟನ್ ಕಣ್ಣೆದುರಿಗೇ ನಿಂತಿತ್ತು. ಅದರ ಮೇಲಿನಿಂದ ಮೋಡವು, ಉಕ್ಕಿದ ಹಾಲು ಪಾತ್ರೆಯ ಅಂಚಿನಿಂದ ಇಳಿಯುವಂತೆ, ಇಳಿಯುತ್ತಿತ್ತು. ನಾವು ಫೋಟೊ ತೆಗೆದು ಸಂಭ್ರಮಪಟ್ಟೆವು. ಆ ಮೋಡವೇ ಆಗ್ನೇಯ ಮಾರುತದ ಗುರುತೆಂದು ಯಾರಿಗೆ ಗೊತ್ತಿತ್ತು? ಗಾಳಿಯಿಂದಾಗಿ ಬಂದರು ಮುಚ್ಚಿದೆ ಎಂದು ಏಳು ಗಂಟೆಗೆ ಕ್ಯಾಪ್ಟನ್ ಘೋಷಿಸಿದರು. ಎರಡು ಹಗಲು, ಒಂದು ರಾತ್ರಿ ಊರನ್ನು ನೋಡುತ್ತಲೇ ಸಮುದ್ರದಲ್ಲಿ ನಿಂತಿದ್ದೆವು. ಮಂಡೇಲಾ ಸೆರೆಯಲ್ಲಿದ್ದ ರಾಬೆನ್ ದ್ವೀಪದ ಟಿಕೆಟ್ಟು, ಒಂದು ರಾತ್ರಿಯ ಹೋಟೆಲು, ಕ್ರೂಗರಿಗೆ ಹೋಗುವ ವಿಮಾನದ 41,600 ರೂಪಾಯಿ, ಎಲ್ಲವೂ ಹೋದವು. ಹಡಗಿನವರು ಹಿಂದಿರುಗಿಸಿದ್ದು ಬಂದರು ಶುಲ್ಕವೆಂದು ತಲೆಗೆ 3,140 ರೂಪಾಯಿ ಮಾತ್ರ.

ಇದಕ್ಕಿಂತ ಹೊಟ್ಟೆಯುರಿದದ್ದು ತೆರಿಗೆಯ ವಿಷಯದಲ್ಲಿ. ಇಬ್ಬರ ಪ್ಯಾಕೇಜಿನ 11 ಲಕ್ಷವನ್ನೂ ನನ್ನ ಪ್ಯಾನ್ ಮೇಲೆಯೇ ಕಟ್ಟಿದೆ. ಆಗ 7 ಲಕ್ಷದವರೆಗೆ ಶೇ. 5, ಅದರಾಚೆಗೆ ಶೇ. 20 ಟಿಸಿಎಸ್ (ಹಣ ಕಟ್ಟುವಾಗಲೇ ವಸೂಲು ಮಾಡುವ ತೆರಿಗೆ) ಇತ್ತು. ಹೀಗಾಗಿ 1,15,000 ರೂಪಾಯಿ ಹಿಡಿದುಕೊಂಡರು. ಮನೆಯವರ ಪ್ಯಾನ್ ಮೇಲೆ ಅರ್ಧ ಕಟ್ಟಿದ್ದರೆ ಒಟ್ಟು 55,000ಕ್ಕೆ ಮುಗಿಯುತ್ತಿತ್ತು. ರಿಟರ್ನ್ ಸಲ್ಲಿಸಿ ಹಣ ವಾಪಸ್ಸು ಪಡೆದೆನಾದರೂ, ಅಷ್ಟು ತಿಂಗಳ ಬಡ್ಡಿಯನ್ನು ಯಾರು ಕೊಡುತ್ತಾರೆ? ನಿಯಮ ಅನಂತರ ಬದಲಾಗಿದೆ, ಲೆಕ್ಕಪರಿಶೋಧಕರನ್ನು ಕೇಳಿಯೇ ಹಣ ಕಟ್ಟಿ.

ಸ್ವಂತ ಸ್ಟಿಯರಿಂಗ್

ಹಡಗು ಇಳಿದ ಮರುದಿನವೇ ವಿಮಾನ ಹತ್ತಬೇಕೆಂದು ನಿಮಗೆ ಯಾರು ಹೇಳಿದರು ಸರ್? ಜನವರಿಯೆಂದರೆ ಅಲ್ಲಿ ಬೇಸಿಗೆ, ಆಗ ಕೇಪ್‌ಟೌನಿನ ಗಾಳಿ ಬೀಸದಿದ್ದರೆ ಆಶ್ಚರ್ಯಪಡಬೇಕು. ಅಲ್ಲಿನವರು ಅದಕ್ಕೆ ‘ಕೇಪ್ ಡಾಕ್ಟರ್’ ಎಂದು ಹೆಸರನ್ನೇ ಇಟ್ಟಿದ್ದಾರೆ. ನಾವು ನಡುವೆ ಎರಡು ದಿನ ಖಾಲಿ ಬಿಟ್ಟಿದ್ದೆವು, ಒಂದು ಪೈಸೆಯೂ ನಷ್ಟವಾಗಲಿಲ್ಲ.

ಬಂದರುಗಳಲ್ಲಿ ಹಡಗಿನವರು ಏರ್ಪಡಿಸುವ ಪ್ರವಾಸಗಳಲ್ಲಿ ನಾನು ಒಂದನ್ನೂ ಕೊಳ್ಳಲಿಲ್ಲ. ರಿಚರ್ಡ್ಸ್ ಬೇಯಲ್ಲಿ ಕಾರು ಬಾಡಿಗೆಗೆ ಪಡೆದು ಸುಮಾರು ಒಂದು ಗಂಟೆಯಲ್ಲಿ ಹ್ಲುಹ್ಲುವೆ-ಇಮ್ಫೊಲೋಜಿ ತಲುಪಿದೆವು. 1895ರಿಂದ ಸಂರಕ್ಷಿತವಾಗಿರುವ ಕಾಡು ಅದು, ಬಿಳಿ ಘೇಂಡಾಮೃಗದ ಸಂತತಿ ಉಳಿದದ್ದೇ ಅಲ್ಲಿ. ಬೆಳಿಗ್ಗೆ ಹನ್ನೊಂದರೊಳಗೆ ಏಳು ಘೇಂಡಾಗಳನ್ನು ನೋಡಿದೆವು. ನಮ್ಮಲ್ಲಿಯಂತೆಯೇ ಎಡಬದಿಯ ಚಾಲನೆ, ಭಯವೇನೂ ಇಲ್ಲ. ಮರಳುವಾಗ ಹಳ್ಳದಲ್ಲಿ ಟೈರು ಹರಿದದ್ದು ನಿಜ. ಬಾಡಿಗೆಯ ವಿಮೆಯಲ್ಲಿ ಟೈರು ಮತ್ತು ಗಾಜು ಸೇರಿರಲಿಲ್ಲವಾದ್ದರಿಂದ 2,850 ರ‍್ಯಾಂಡ್, ಎಂದರೆ ಸುಮಾರು 12,800 ರೂಪಾಯಿ ತೆತ್ತೆ. ಆದರೂ ಹಡಗಿನವರ ಬಸ್ಸಿಗಿಂತ ಅಗ್ಗವೇ ಆಯಿತು.

ಜಯನಗರದ ನಿವೃತ್ತ

ಟೈರು ಹರಿದು ಹಡಗು ತಪ್ಪಿದ್ದರೆ ಏನು ಮಾಡುತ್ತಿದ್ದಿರಿ ಸ್ವಾಮಿ? ಹಡಗಿನವರ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ನಿಮಗಾಗಿ ಕಾಯುವುದಿಲ್ಲ. ಒಂದು ಪೈಸೆಯೂ ನಷ್ಟವಾಗಲಿಲ್ಲ ಎಂದು ಆರಂಭಿಸಿ, ಮುಂದಿನ ಪ್ಯಾರಾದಲ್ಲೇ 12,800ರ ಲೆಕ್ಕ ಕೊಟ್ಟಿದ್ದೀರಿ.

ಮೈಸೂರು, ಕುವೆಂಪುನಗರ

ಗಂಡಸರು ಗಾಳಿ, ಟೈರುಗಳ ಜಗಳ ಮುಗಿಸಿದ ಮೇಲೆ ವೀಸಾದ ವಿಷಯವನ್ನೂ ಓದಿ. ನಿಮ್ಮ ಹಡಗು ದಕ್ಷಿಣ ಆಫ್ರಿಕಾವನ್ನು ಬಿಟ್ಟು ನಮೀಬಿಯಾಕ್ಕೆ ಹೋಗಿ ಮತ್ತೆ ಬರುತ್ತದೆ, ಆದ್ದರಿಂದ ಒಂದೇ ಪ್ರವೇಶದ ವೀಸಾ ಸಾಲುವುದಿಲ್ಲ. ನಮ್ಮ ಏಜೆಂಟರು “ನೀವು ಹಡಗಿನಲ್ಲೇ ಇರುತ್ತೀರಲ್ಲ ಮೇಡಂ, ಅದು ಎಣಿಕೆಗೆ ಬರುವುದಿಲ್ಲ” ಎಂದು ನಂಬಿಸಿದ್ದರು. ಹಡಗು ಹತ್ತುವ ಕೌಂಟರಿನಲ್ಲಿ ಆ ಹುಡುಗಿ ನಮ್ಮ ಪಾಸ್‌ಪೋರ್ಟಿನ ಹಾಳೆಯನ್ನು ಮೂರು ಸಲ ಹಿಂದಕ್ಕೂ ಮುಂದಕ್ಕೂ ತಿರುಗಿಸಿದಾಗಲೇ ನನ್ನ ಕೈ ತಣ್ಣಗಾಯಿತು. ನಾವು ಹತ್ತಲಿಲ್ಲ. ಹಡಗು ಹೊರಡುವುದನ್ನು ಪೋರ್ಟ್ ಲೂಯಿಯ ದಂಡೆಯಲ್ಲಿ ಕುಳಿತು ನೋಡಿದೆವು. ಯಜಮಾನರು ಒಂದು ಮಾತನ್ನೂ ಆಡದೆ ಬ್ಯಾಗಿನಲ್ಲಿದ್ದ ಕೋಡುಬಳೆಯ ಪೊಟ್ಟಣವನ್ನು ಬಿಚ್ಚಿದರು. ಏಜೆಂಟರು ಹಿಂದಿರುಗಿಸಿದ್ದು ಶೂನ್ಯ.

ಮರುವರ್ಷ ಸರಿಯಾದ ವೀಸಾದೊಂದಿಗೆ, ಈ ಸಲ ಡರ್ಬನ್ನಿನಿಂದಲೇ ಹಡಗು ಹತ್ತುವ ಯಾನಕ್ಕೆ ಹೊರಟಾಗ ಇನ್ನೊಂದು ಪೆಟ್ಟು ಕಾದಿತ್ತು. ನೈರೋಬಿಯಲ್ಲಿ 14 ಗಂಟೆ ಕಾಯಬೇಕಾದ ವಿಮಾನವನ್ನು ಅಗ್ಗವೆಂದು ಕೊಂಡಿದ್ದೆವು. ಹಳದಿಜ್ವರವಿರುವ ದೇಶದ ನಿಲ್ದಾಣದಲ್ಲಿ 12 ಗಂಟೆ ಮೀರಿ ತಂಗಿದರೆ ದಕ್ಷಿಣ ಆಫ್ರಿಕಾದವರು ಲಸಿಕೆಯ ಪ್ರಮಾಣಪತ್ರವನ್ನು ಕೇಳುತ್ತಾರೆ. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಅದು ಮಾನ್ಯ. ಅರವತ್ತು ದಾಟಿದವರಿಗೆ ಆ ಲಸಿಕೆಯ ಅಡ್ಡಪರಿಣಾಮದ ಅಪಾಯ ಹೆಚ್ಚೆಂದು ನಮ್ಮ ವೈದ್ಯರು ಹಿಂಜರಿದರು. ಕೊನೆಗೆ ತಲೆಗೆ 18,000 ಹೆಚ್ಚು ಕೊಟ್ಟು ವಿಮಾನವನ್ನೇ ಬದಲಿಸಿದೆವು.

ಶಿರಸಿಯವ, ಈಗ ಮಸ್ಕತ್

ಎಲ್ಲರೂ ಮೂಲವನ್ನೇ ಮರೆತಿದ್ದೀರಿ. ಹಡಗಿನ ಋತು ಬೇರೆ, ಕಾಡಿನ ಋತು ಬೇರೆ. ಆ ತೀರಕ್ಕೆ ಹಡಗುಗಳು ಹೆಚ್ಚಾಗಿ ಬರುವುದು ನವೆಂಬರಿನಿಂದ ಮಾರ್ಚ್‌ವರೆಗೆ, ಅದು ಕ್ರೂಗರಿನ ಮಳೆಗಾಲ. ಹುಲ್ಲು ಎದೆಯೆತ್ತರ ಬೆಳೆದಿರುತ್ತದೆ, ನೀರು ಎಲ್ಲೆಲ್ಲೂ ಇರುವುದರಿಂದ ಪ್ರಾಣಿಗಳು ಹೊಂಡಗಳ ಬಳಿಗೆ ಬರುವುದೇ ಇಲ್ಲ, ಮಲೇರಿಯಾದ ಭಯವೂ ಆಗಲೇ ಹೆಚ್ಚು. ನಾವು ಮೂರು ದಿನ ತಿರುಗಿ ಕಂಡದ್ದು ಇಂಪಾಲಾ ಎಂಬ ಜಿಂಕೆಯಂಥ ಪ್ರಾಣಿ, ಇಂಪಾಲಾ, ಮತ್ತೆ ಇಂಪಾಲಾ. ಹಡಗಿಗೆ ಮುನ್ನ, ನವೆಂಬರಿನಲ್ಲಿ, ವಿಕ್ಟೋರಿಯಾ ಜಲಪಾತಕ್ಕೆ ಹೋಗಿದ್ದೆವು. ಜಾಂಬಿಯಾ ಕಡೆಯಲ್ಲಿ ಬರೀ ಬಂಡೆ. ಬೇಸಿಗೆಯಲ್ಲಿ ಜೋಗ ನೋಡಿದವರಿಗೆ ಅರ್ಥವಾದೀತು. ತುಂಬಿ ಹರಿಯುವುದನ್ನು ನೋಡಬೇಕಾದರೆ ಮಾರ್ಚ್‌ನಿಂದ ಮೇವರೆಗೆ ಹೋಗಬೇಕು. ಎರಡನೆಯ ಸಲ ಹಡಗಿನ ಗೊಡವೆಯೇ ಬೇಡವೆಂದು ಆಗಸ್ಟಿನಲ್ಲಿ ಕ್ರೂಗರಿಗೆ ನೇರವಾಗಿ ಹೋದೆವು. ಮೊದಲ ಸಂಜೆಯೇ ಹನ್ನೊಂದು ಸಿಂಹಗಳು ರಸ್ತೆಯಲ್ಲಿ ಮಲಗಿದ್ದವು.

ಸ್ವಂತ ಸ್ಟಿಯರಿಂಗ್

ಫೆಬ್ರವರಿಯಲ್ಲಿ ಕ್ರೂಗರಿನ ಕ್ರಾಕಡೈಲ್ ಬ್ರಿಡ್ಜ್ ಬಳಿ ನಾವು ಚಿರತೆಯನ್ನು ಇಪ್ಪತ್ತು ನಿಮಿಷ ನೋಡಿದೆವು. ಹಸಿರಿನ ಕಾಲದಲ್ಲಿ ಮರಿಗಳೂ ವಲಸೆ ಹಕ್ಕಿಗಳೂ ಇರುತ್ತವೆ. ಸಿಂಹ ಕಾಣದಿದ್ದರೆ ಕಾಡೇ ಕಾಡಲ್ಲ ಎನ್ನುವವರು ಬನ್ನೇರುಘಟ್ಟಕ್ಕೆ ಹೋಗಬಹುದು.

ಶಿರಸಿಯವ, ಈಗ ಮಸ್ಕತ್

ಕಾಡಿನ ನಡುವೆ ಹುಟ್ಟಿದವನಿಗೆ ಕಾಡು ಎಂದರೇನೆಂದು ಕಲಿಸಬೇಡಿ. ನಿಮ್ಮ ಚಿರತೆಯ ಫೋಟೊ ಇದ್ದರೆ ತೋರಿಸಿ.

ಜಯನಗರದ ನಿವೃತ್ತ

ಚಿರತೆಯ ಮಾತು ಸಾಕು. ಡರ್ಬನ್ನಿನಲ್ಲಿ ಒಂದು ಹಗಲು ಸಿಕ್ಕರೆ ಪೀಟರ್‌ಮಾರಿಟ್ಸ್‌ಬರ್ಗ್ ರೈಲು ನಿಲ್ದಾಣಕ್ಕೆ ಹೋಗಿ ಬನ್ನಿ. 1893ರ ಜೂನ್ 7ರ ರಾತ್ರಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ್ದು ಅಲ್ಲಿ. ಸುಮಾರು 80 ಕಿಲೋಮೀಟರು. ಊಟಕ್ಕೆ ಬ್ರೆಡ್ಡಿನೊಳಗೆ ಹುರುಳಿಕಾಯಿ ಸಾಗು ತುಂಬಿದ ‘ಬನ್ನಿ ಚೌ’ ಸಿಗುತ್ತದೆ.

ಮೈಸೂರು, ಕುವೆಂಪುನಗರ

ಅದು ಹುರುಳಿಕಾಯಿಯಲ್ಲ, ಕಾಳು. ಕುರಿಮಾಂಸದ ಪಾತ್ರೆಯ ಸೌಟನ್ನೇ ಅದಕ್ಕೂ ಅದ್ದಿದ್ದನ್ನು ನಾನು ಕಣ್ಣಾರೆ ಕಂಡು ತಿನ್ನದೆ ಬಂದೆ. ನೀವು ತಿಂದಿರಾದರೆ ನಿಮ್ಮ ಇಷ್ಟ.

ಜಯನಗರದ ನಿವೃತ್ತ

ನಾವು ತಿಂದ ಅಂಗಡಿಯಲ್ಲಿ ಮಾಂಸವೇ ಇರಲಿಲ್ಲ ಮೇಡಂ. ನೋಡದ ಅಂಗಡಿಯ ಬಗ್ಗೆ ತೀರ್ಪು ಕೊಡಬೇಡಿ.

ಹಾಸನದ ದಂಪತಿ

ಎಲ್ಲರಿಗೂ ಕೃತಜ್ಞತೆಗಳು. ವೀಸಾದ ವಿಷಯ ನಮಗೆ ಗೊತ್ತೇ ಇರಲಿಲ್ಲ. ಆದರೆ ಪತ್ನಿಯ ಮಂಡಿನೋವಿನ ಬಗ್ಗೆ ಒಬ್ಬರೂ ಹೇಳಲಿಲ್ಲ.

ಮೈಸೂರು, ಕುವೆಂಪುನಗರ

ಕ್ಷಮಿಸಿ. ಉಳಿದೆಡೆ ಹಡಗು ಧಕ್ಕೆಗೇ ಬಂದು ನಿಲ್ಲುತ್ತದೆ, ಮಾಸೆಲ್ ಬೇಯಲ್ಲಿ ಮಾತ್ರ ಸಾಮಾನ್ಯವಾಗಿ ಸಣ್ಣ ದೋಣಿಗೆ ಇಳಿಯಬೇಕು. ಅಲೆಗೆ ದೋಣಿ ಏರಿ ಇಳಿಯುತ್ತಿರುವಾಗ ಕಾಲಿಡುವುದು ಕಷ್ಟ, ಸಿಬ್ಬಂದಿ ಎರಡೂ ತೋಳು ಹಿಡಿಯುತ್ತಾರೆ, ನಾಚಿಕೊಳ್ಳಬಾರದು. ಡರ್ಬನ್ನಿನಿಂದ ಮುಂದೆ ಅಗಲ್ಹಾಸ್ ಎಂಬ ಸಮುದ್ರಪ್ರವಾಹಕ್ಕೆ ನೈಋತ್ಯದ ಗಾಳಿ ಎದುರಾದರೆ ಹಡಗು ಬಹಳ ಓಲಾಡುತ್ತದೆ, ಆ ರಾತ್ರಿ ಮೆಟ್ಟಿಲು ಬೇಡ, ಲಿಫ್ಟಿನ ಹತ್ತಿರದ ಕೋಣೆಯನ್ನೇ ಕೇಳಿ ಪಡೆಯಿರಿ. ಇವೆಲ್ಲಕ್ಕಿಂತ ನನ್ನ ಮಂಡಿಯನ್ನು ಕಾಡಿದ್ದು ಸಫಾರಿಯ ತೆರೆದ ಜೀಪು. ಪಕ್ಕದಲ್ಲಿ ಬೆಸೆದ ಕಬ್ಬಿಣದ ಮೆಟ್ಟಿಲುಗಳು ಎರಡೇ, ಮೊದಲನೆಯದೇ ನನ್ನ ಮಂಡಿಯ ಎತ್ತರಕ್ಕಿತ್ತು. ಎರಡನೆಯ ದಿನದಿಂದ ನಾನು ವಸತಿಗೃಹದ ಅಡುಗೆಮನೆಯಿಂದ ಒಂದು ಸ್ಟೂಲು ಕೇಳಿ ಪಡೆದು ಜೀಪಿನಲ್ಲೇ ಇಟ್ಟುಕೊಂಡೆ.

ಸ್ವಂತ ಸ್ಟಿಯರಿಂಗ್

ಸ್ವಂತ ಕಾರಿಗೆ ಸ್ಟೂಲು ಬೇಕಾಗುವುದಿಲ್ಲ.